ಆಂಗಲ್ ಆಫ್ ಅಟ್ಯಾಕ್ ಹಿಡಿದುಕೊಂಡು ಏರೋಡೈನಮಿಕ್ಸ್ ಓದುವುದು

ಏರೋಡೈನಮಿಕ್ಸ್ ಪುಸ್ತಕ ತೆರೆದರೆ ಮೊದಲು ಸಿಗುವುದು ನಾಲ್ಕು ಬಾಣಗಳ ಚಿತ್ರ. ಮೇಲಕ್ಕೆ ಲಿಫ್ಟ್, ಕೆಳಕ್ಕೆ ತೂಕ, ಮುಂದಕ್ಕೆ ಥ್ರಸ್ಟ್, ಹಿಂದಕ್ಕೆ ಡ್ರ್ಯಾಗ್. ಅದನ್ನು ನೋಡಿ ಮುಂದೆ ಹೋಗಿ. ನಿಮ್ಮ ಸಮಯ ಕೇಳುವ ವಿಷಯ ಬೇರೆ ಇದೆ, ಅದು ಆಂಗಲ್ ಆಫ್ ಅಟ್ಯಾಕ್, ಅಂದರೆ ರೆಕ್ಕೆ ಎದುರು ಗಾಳಿಗೆ ಒಡ್ಡುವ ಕೋನ. ಪೈಲಟ್ ಲೈಸೆನ್ಸ್ ಪರೀಕ್ಷೆಗೆ ಓದುತ್ತಿರುವವರಾಗಲಿ, ಏರೋನಾಟಿಕಲ್ ಎಂಜಿನಿಯರಿಂಗ್ ಸೇರಿದವರಾಗಲಿ, ಇದೊಂದು ಗಟ್ಟಿಯಾದರೆ ಸ್ಟಾಲ್, ಟರ್ನ್, ಸ್ಪಿನ್, ಎಲಿವೇಟರ್ ಎಲ್ಲ ಅಧ್ಯಾಯಗಳೂ ತಾವಾಗೇ ಬಿಡಿಸಿಕೊಳ್ಳುತ್ತವೆ.

ಅದಕ್ಕೂ ಮೊದಲು ಒಂದು ತಪ್ಪು ವಿವರಣೆಯನ್ನು ತಲೆಯಿಂದ ತೆಗೆಯಬೇಕು. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಅಲ್ಲಿನ ಗಾಳಿಗೆ ದಾರಿ ಜಾಸ್ತಿ, ಕೆಳಗಿನ ಗಾಳಿಯ ಜೊತೆಗೇ ಹಿಂಬದಿ ತಲುಪಬೇಕು, ಹಾಗಾಗಿ ಜೋರಾಗಿ ಓಡುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಜೊತೆಗೇ ತಲುಪಬೇಕು ಅಂತ ಯಾವ ನಿಯಮವೂ ಇಲ್ಲ. ನಿಜವಾಗಿ ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂಬದಿ ಸೇರುತ್ತದೆ. ಉಬ್ಬೇ ಕಾರಣವಾಗಿದ್ದರೆ ವಿಮಾನ ತಲೆಕೆಳಗಾಗಿ ಹಾರಲು ಆಗುತ್ತಲೇ ಇರಲಿಲ್ಲ, ಅಲ್ವಾ? ಏರ್ ಶೋಗಳಲ್ಲಿ ಕಸರತ್ತು ಮಾಡುವ ಎಷ್ಟೋ ವಿಮಾನಗಳ ರೆಕ್ಕೆ ಮೇಲೂ ಕೆಳಗೂ ಒಂದೇ ಆಕಾರದಲ್ಲಿರುತ್ತದೆ.

ರೆಕ್ಕೆ ಮಾಡುವ ಕೆಲಸ ಇಷ್ಟು: ಬರುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಹಾಗೆ ತಿರುಗಿಸುವಾಗ ಮೇಲೆ ಒತ್ತಡ ಕಡಿಮೆ, ಕೆಳಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಒತ್ತಡ ಹಿಡಿದು ಹೇಳಿದರೆ ಬರ್ನೂಲಿ, ಕೆಳಕ್ಕೆ ತಳ್ಳಿದ ಗಾಳಿ ಹಿಡಿದು ಹೇಳಿದರೆ ನ್ಯೂಟನ್. ಎರಡೂ ಒಂದೇ ಘಟನೆಯ ಲೆಕ್ಕ. ಯಾವುದು ಸರಿ ಅಂತ ಜಗಳವಾಡುವುದು ವ್ಯರ್ಥ.

ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದು ಬೆರಳಿಗೇ ಗೊತ್ತಿರುತ್ತದೆ. ಸೂತ್ರದ ಮೇಲಿನ ದಾರ, ಕೆಳಗಿನ ದಾರ ಸ್ವಲ್ಪ ಹೆಚ್ಚುಕಡಿಮೆ ಮಾಡಿದರೆ ಪಟ ಗಾಳಿಗೆ ಒಡ್ಡುವ ಕೋನ ಬದಲಾಗುತ್ತದೆ, ಅದರ ಮೇಲೇ ಅದು ಏರುವುದೋ ಬೀಳುವುದೋ ನಿರ್ಧಾರವಾಗುತ್ತದೆ. ವಿಮಾನದಲ್ಲೂ ಅಷ್ಟೇ. ರೆಕ್ಕೆಯ ಕಾರ್ಡ್ ಗೆರೆ (ಮುಂಚೂಣಿ ಅಂಚಿನಿಂದ ಹಿಂಬದಿ ಅಂಚಿಗೆ ಎಳೆದ ನೇರ ಗೆರೆ) ಮತ್ತು ಎದುರು ಬರುವ ಗಾಳಿಯ ನಡುವಿನ ಕೋನವೇ ಆಂಗಲ್ ಆಫ್ ಅಟ್ಯಾಕ್. ದಿಗಂತಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಈಗ ಸಮೀಕರಣ. ಲಿಫ್ಟ್ = ಅರ್ಧ × ಗಾಳಿಯ ಸಾಂದ್ರತೆ × ವೇಗದ ವರ್ಗ × ರೆಕ್ಕೆಯ ವಿಸ್ತೀರ್ಣ × ಲಿಫ್ಟ್ ಗುಣಾಂಕ. ಈ ಗುಣಾಂಕ ಆಂಗಲ್ ಜೊತೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಸುಮ್ನೆ ಬಾಯಿಪಾಠ ಮಾಡಬೇಡಿ, ಒಂದು ವಿಮಾನ ಹಿಡಿದು ಲೆಕ್ಕ ಮಾಡಿ. ಸೆಸ್ನಾ 172 ಎಸ್ ತೂಕ ಜಾಸ್ತಿ ಅಂದರೆ ಸುಮಾರು 1157 ಕೆಜಿ, ರೆಕ್ಕೆ ಸುಮಾರು 16.2 ಚದರ ಮೀಟರ್. ಭಾಗಿಸಿದರೆ ಪ್ರತಿ ಚದರ ಮೀಟರ್‌ಗೆ 700 ನ್ಯೂಟನ್. ವಾತಾವರಣದ ಒತ್ತಡವೋ, ಪ್ರತಿ ಚದರ ಮೀಟರ್‌ಗೆ 1,01,325 ನ್ಯೂಟನ್. ಅಂದರೆ ರೆಕ್ಕೆಯ ಮೇಲೆ ಕೆಳಗೆ ಒತ್ತಡದಲ್ಲಿ ಶೇ 0.7ರಷ್ಟು ವ್ಯತ್ಯಾಸವಾದರೆ ಸಾಕು, ನಾಲ್ಕು ಜನರನ್ನು ಹೊತ್ತ ವಿಮಾನ ಗಾಳಿಯಲ್ಲಿ ನಿಲ್ಲುತ್ತದೆ! ನನಗೆ ಇಡೀ ವಿಷಯದಲ್ಲಿ ಅತಿ ಸುಂದರವಾಗಿ ಕಾಣುವ ಲೆಕ್ಕ ಇದು.

ವೇಗ ಇಳಿದರೆ ಅದೇ ಲಿಫ್ಟ್‌ಗೆ ಆಂಗಲ್ ಏರಿಸಬೇಕು. ಎಲ್ಲಿಯವರೆಗೆ? ಸಾಮಾನ್ಯ ಸಣ್ಣ ವಿಮಾನಗಳಲ್ಲಿ ಸುಮಾರು 15-16 ಡಿಗ್ರಿ. ಅದು ದಾಟಿದರೆ ಮೇಲಿನ ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯಲಾರದೆ ಕಿತ್ತುಬರುತ್ತದೆ, ಲಿಫ್ಟ್ ಬೀಳುತ್ತದೆ, ಡ್ರ್ಯಾಗ್ ಏರುತ್ತದೆ. ಇದೇ ಸ್ಟಾಲ್. ಎಂಜಿನ್‌ಗೂ ಇದಕ್ಕೂ ಸಂಬಂಧವಿಲ್ಲ. ಗರಿಷ್ಠ ಗುಣಾಂಕ 1.5 ಅಂತ ಹಿಡಿದು ಮೇಲಿನ ಸೆಸ್ನಾಗೆ ಲೆಕ್ಕ ಹಾಕಿದರೆ ಸ್ಟಾಲ್ ವೇಗ ಸೆಕೆಂಡಿಗೆ ಸುಮಾರು 27.6 ಮೀಟರ್, ಅಂದರೆ 53-54 ನಾಟ್ (ಗಂಟೆಗೆ ನಾಟಿಕಲ್ ಮೈಲಿ) ಬರುತ್ತದೆ. ಆದರೆ ಈ ವೇಗ ಆ ತೂಕಕ್ಕೆ, ನೇರ ಹಾರಾಟಕ್ಕೆ ಮಾತ್ರ. ಕೋನ ಮೀರಿದರೆ ಯಾವ ವೇಗದಲ್ಲೂ ಸ್ಟಾಲ್ ಆಗುತ್ತದೆ.

2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ನಲ್ಲಿ ಬಿತ್ತು. 228 ಜನ ಸತ್ತರು. ವೇಗ ಅಳೆಯುವ ಪಿಟೊ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿ ಆಟೊಪೈಲಟ್ ಬಿಟ್ಟುಹೋಯಿತು, ಮೂತಿ ಮೇಲೆತ್ತಿದ ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು, ಅಲ್ಲಿಂದ ಮೂರೂವರೆ ನಿಮಿಷದಲ್ಲಿ ಸಮುದ್ರ ಸೇರಿತು. ಬೀಳುವಾಗಲೂ ಬಹುಪಾಲು ಮೂತಿ ದಿಗಂತಕ್ಕಿಂತ ಮೇಲೇ ಇತ್ತು, ಎಂಜಿನ್‌ಗಳು ಓಡುತ್ತಿದ್ದವು. ಆದರೆ ವಿಮಾನ ಕೆಳಕ್ಕೆ ಬೀಳುತ್ತಿದ್ದುದರಿಂದ ಗಾಳಿ ಕೆಳಗಿನಿಂದ ಬರುತ್ತಿತ್ತು, ಆಂಗಲ್ ಆಫ್ ಅಟ್ಯಾಕ್ 35 ಡಿಗ್ರಿಗೂ ಮೇಲಿತ್ತು. ಕಾಕ್‌ಪಿಟ್‌ನಲ್ಲಿ ಅದನ್ನು ನೇರವಾಗಿ ತೋರಿಸುವ ಮೀಟರ್ ಇರಲಿಲ್ಲ. ಮೂತಿಯ ಕೋನ ಮತ್ತು ಆಂಗಲ್ ಆಫ್ ಅಟ್ಯಾಕ್ ಬೇರೆಬೇರೆ ಅಂತ ಕಲಿಯುವುದು ಬರೀ ಪರೀಕ್ಷೆಗಲ್ಲ ಅನ್ನುವುದಕ್ಕೇ ಈ ಅಪಘಾತವನ್ನು ಓದಬೇಕು.

ಕಂಟ್ರೋಲ್‌ಗಳಿಗೆ ಬರೋಣ. ಸ್ಟಿಕ್ ಹಿಂದಕ್ಕೆಳೆದರೆ ಎಲಿವೇಟರ್, ಅಂದರೆ ಅಡ್ಡ ಬಾಲದ ಹಿಂಬದಿಯ ಆಡುವ ಹಲಗೆ, ಮೇಲೇಳುತ್ತದೆ, ಬಾಲ ಕೆಳಗಿಳಿಯುತ್ತದೆ, ಆಂಗಲ್ ಏರುತ್ತದೆ. ಎಲಿವೇಟರನ್ನು 'ಮೇಲೆ ಹೋಗುವ ಕಂಟ್ರೋಲ್' ಅಂದುಕೊಳ್ಳಬೇಡಿ, ಅದು ಆಂಗಲ್ ಕಂಟ್ರೋಲ್. ಸ್ಥಿರವಾದ (ಅಲುಗಿದರೂ ತಾನಾಗೇ ಹಿಂದಿನ ಆಂಗಲ್‌ಗೆ ಮರಳುವ) ವಿಮಾನವನ್ನು ಟ್ರಿಮ್ ಮಾಡಿ, ಅಂದರೆ ಸ್ಟಿಕ್ ಹಿಡಿಯದೆಯೂ ಎಲಿವೇಟರ್ ಒಂದೇ ಕಡೆ ನಿಲ್ಲುವಂತೆ ಹೊಂದಿಸಿ, ಕೈಬಿಟ್ಟರೆ ಅದು ಒಂದು ಆಂಗಲನ್ನು, ಆ ಮೂಲಕ ಒಂದು ವೇಗವನ್ನು ಕಾಯ್ದುಕೊಳ್ಳುತ್ತದೆ. ಹಾಗಾಗಿ ಥ್ರಾಟಲ್ ಕೊಟ್ಟರೆ ಮುಖ್ಯವಾಗಿ ಏರುತ್ತದೆ, ವೇಗ ಅಷ್ಟಾಗಿ ಹೆಚ್ಚುವುದಿಲ್ಲ.

ಏಲರಾನ್, ಅಂದರೆ ರೆಕ್ಕೆಯ ತುದಿಯ ಹತ್ತಿರ ಹಿಂಬದಿಯಲ್ಲಿರುವ ಆಡುವ ಹಲಗೆ, ಸ್ವಲ್ಪ ತಂಟೆಯದು. ಎಡಕ್ಕೆ ಉರುಳಲು ಬಲಗಡೆಯ ಏಲರಾನ್ ಕೆಳಗಿಳಿಯುತ್ತದೆ, ಆ ರೆಕ್ಕೆಯ ಲಿಫ್ಟ್ ಹೆಚ್ಚುತ್ತದೆ, ಜೊತೆಗೆ ಡ್ರ್ಯಾಗ್ ಕೂಡ. ಫಲ ಏನೆಂದರೆ ವಿಮಾನ ಎಡಕ್ಕೆ ಉರುಳುತ್ತಿದ್ದರೂ ಮೂತಿ ಬಲಕ್ಕೆ ಎಳೆಯುತ್ತದೆ. ಇದು ಅಡ್ವರ್ಸ್ ಯಾ. ನೆಟ್ಟಗಿನ ಬಾಲದಲ್ಲಿರುವ ರಡ್ಡರ್ ಬೇಕಾಗುವುದು ಮುಖ್ಯವಾಗಿ ಇದನ್ನು ಸರಿಪಡಿಸಲು. ವಿಮಾನ ತಿರುಗುವುದು ರಡ್ಡರ್‌ನಿಂದ ಅನ್ನುವವರಿಗೆ ಹೇಳಿ, ತಿರುಗಿಸುವುದು ಓರೆಯಾದ ಲಿಫ್ಟ್.

ಸ್ಟಾಲ್ ಅಂಚಿನಲ್ಲಿ ಒಂದು ರೆಕ್ಕೆ ಕುಸಿದಾಗ ಏಲರಾನ್‌ನಿಂದ ಎತ್ತಲು ಹೋದರೆ ಕುಸಿದ ರೆಕ್ಕೆಯ ಆಂಗಲ್ ಇನ್ನೂ ಏರಿ ಅದು ಮತ್ತಷ್ಟು ಸ್ಟಾಲ್ ಆಗುತ್ತದೆ, ವಿಮಾನ ಸ್ಪಿನ್‌ಗೆ, ಅಂದರೆ ಸುತ್ತುತ್ತಾ ಕೆಳಗಿಳಿಯುವ ಸ್ಥಿತಿಗೆ, ಬೀಳಬಹುದು. ಮೊದಲು ಸ್ಟಿಕ್ ಮುಂದೆ ಕೊಟ್ಟು ಆಂಗಲ್ ಇಳಿಸಬೇಕು, ಉಳಿದದ್ದೆಲ್ಲ ಆಮೇಲೆ.

ಟರ್ನ್‌ನಲ್ಲಿ ಓರೆಯಾದ ಲಿಫ್ಟ್‌ನ ಒಂದು ಭಾಗವಷ್ಟೇ ತೂಕ ಹೊರುತ್ತದೆ, ಹಾಗಾಗಿ ಎತ್ತರ ಉಳಿಸಿಕೊಳ್ಳಲು ಒಟ್ಟು ಲಿಫ್ಟ್ ಹೆಚ್ಚಿಸಬೇಕು. 60 ಡಿಗ್ರಿ ಬ್ಯಾಂಕ್‌ನಲ್ಲಿ, ಅಂದರೆ ವಿಮಾನ ಅಷ್ಟು ಓರೆಯಾದಾಗ, ಎರಡರಷ್ಟು ಬೇಕು. ಸ್ಟಾಲ್ ವೇಗ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಏರುತ್ತದೆ. 53 ನಾಟ್ ಇದ್ದದ್ದು 75 ಆಯಿತು. 30 ಡಿಗ್ರಿಗೆ ಶೇ 7ರಷ್ಟು ಮಾತ್ರ. ಇಳಿಯುವ ಮುನ್ನ ರನ್‌ವೇ ಕಡೆಗೆ ತಿರುಗುವಾಗ ಬ್ಯಾಂಕ್ ಜಾಸ್ತಿ ಮಾಡಬೇಡಿ ಅಂತ ಬೋಧಕರು ಬೈಯುವುದು ಇದಕ್ಕೇ.

ಬೆಂಗಳೂರಿನಲ್ಲಿ ಕಲಿಯುವವರು ಸಾಂದ್ರತೆಯನ್ನು ಮರೆಯುವಂತಿಲ್ಲ. ಊರೇ ಸುಮಾರು 900 ಮೀಟರ್ ಎತ್ತರದಲ್ಲಿದೆ. 33 ಡಿಗ್ರಿ ಸೆಕೆಯ ಮಧ್ಯಾಹ್ನ ಗಾಳಿಯ ಸಾಂದ್ರತೆ ಘನ ಮೀಟರ್‌ಗೆ 1.03 ಕೆಜಿಯ ಹತ್ತಿರ ಇಳಿಯುತ್ತದೆ, ಕಡಲ ಮಟ್ಟದ ಪ್ರಮಾಣ 1.225. ಏರ್‌ಸ್ಪೀಡ್ ಮೀಟರ್ ಓದುವುದೂ ಇದೇ ಸಾಂದ್ರತೆ-ವೇಗದ ಒತ್ತಡವನ್ನೇ ಆದ್ದರಿಂದ ಸ್ಟಾಲ್ ಆಗುವಾಗ ಮುಳ್ಳು ಅದೇ ಅಂಕಿ ತೋರಿಸುತ್ತದೆ. ಆದರೆ ನಿಜವಾದ ವೇಗ ಶೇ 9ರಷ್ಟು ಜಾಸ್ತಿ ಇರುತ್ತದೆ. ಎಂಜಿನ್ ಮತ್ತು ಪ್ರೊಪೆಲರ್ ಕೂಡ ಸೊರಗುತ್ತವೆ, ರನ್‌ವೇ ಉದ್ದ ಬೇಕಾಗುತ್ತದೆ.

ಇದೇ ಊರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿ ಹಾರಿದ ಯುದ್ಧವಿಮಾನ ತೇಜಸ್‌ಗೆ ಹಿಂದೆ ಅಡ್ಡ ಬಾಲವೇ ಇಲ್ಲ. ಡೆಲ್ಟಾ ರೆಕ್ಕೆಯ ಹಿಂಬದಿಯ ಎಲಿವಾನ್‌ಗಳು ಎರಡೂ ಬದಿ ಒಟ್ಟಿಗೆ ಆಡಿದರೆ ಎಲಿವೇಟರ್, ವಿರುದ್ಧವಾಗಿ ಆಡಿದರೆ ಏಲರಾನ್. ಚುರುಕಾಗಿ ತಿರುಗಲಿ ಅಂತ ಅದನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ, ಹಾಗಾಗಿ ಆಂಗಲ್ ತಾನಾಗೇ ನಿಲ್ಲುವುದಿಲ್ಲ. ಪೈಲಟ್ ಸ್ಟಿಕ್ ಎಳೆದಾಗ ಎಷ್ಟು ಬೇಕು ಅಂತ ಹೇಳುತ್ತಾನೆ ಅಷ್ಟೇ, ಎಲಿವಾನ್ ಎಷ್ಟು ಆಡಬೇಕು, ಮಿತಿ ಎಲ್ಲಿ ಅನ್ನುವುದನ್ನು ಫ್ಲೈ-ಬೈ-ವೈರ್ (ಸ್ಟಿಕ್‌ನ ಆದೇಶ ವಿದ್ಯುತ್ ಸಂಕೇತವಾಗಿ ಹೋಗುವ ವ್ಯವಸ್ಥೆ) ಕಂಪ್ಯೂಟರ್ ಕ್ಷಣಕ್ಷಣವೂ ಲೆಕ್ಕ ಹಾಕುತ್ತಿರುತ್ತದೆ.