ಆ ಮೊದಲ ಸಾಲು ತೆಗೆಯುವುದಿಲ್ಲ

ಹಾವೇರಿ ಕಡೆಯ ಮೇಷ್ಟರೊಬ್ಬರು ಹೋದ ವರ್ಷ ತಮ್ಮ ಮೊದಲ ಕಥಾಸಂಕಲನ ಕಳಿಸಿದ್ದರು. 136 ಪುಟ, ಬೆಲೆ 180 ರೂಪಾಯಿ. 10 ಕಥೆಗಳಲ್ಲಿ 6 ನಿಜಕ್ಕೂ ಚೆನ್ನಾಗಿದ್ದವು. 2 ಪರವಾಗಿಲ್ಲ. ಉಳಿದ ಎರಡನ್ನು ಕೈಬಿಟ್ಟಿದ್ದರೆ ಪುಸ್ತಕಕ್ಕೇ ಒಳ್ಳೆಯದಿತ್ತು. ವಿಮರ್ಶೆಯಲ್ಲಿ ಹಾಗೇ ಬರೆದೆ. ಅದು ಪ್ರಕಟವಾದ ಸಂಜೆಯೇ ಫೋನ್ ಬಂತು. ಕೈಬಿಡಬೇಕಿತ್ತು ಅಂದ ಕಥೆಗಳ ಬಗ್ಗೆ ಜಗಳ ಇರಬಹುದು ಅಂದುಕೊಂಡೇ ಎತ್ತಿದೆ.

"ಮೇಡಂರೀ, ಬರದಿದ್ದು ಭಾಳ ಛಲೋ ಆಗೇತ್ರಿ. ಆ ಮೊದಲನೇ ಸಾಲ್ ಒಂದ್ ತಗದ್ ಬಿಡ್ರಿ."

ಮೊದಲನೇ ಸಾಲಿನಲ್ಲಿ ಇದ್ದದ್ದು ಇಷ್ಟೇ: 'ಇದು ಲೇಖಕರು ಕಳಿಸಿದ ಗೌರವ ಪ್ರತಿ. ನನಗೆ ಅವರ ಪರಿಚಯವಿಲ್ಲ.'

ಅವರ ಷಡ್ಡಕ ಅದನ್ನು ಓದಿ, "ಪುಕ್ಕಟೆ ಪುಸ್ತಕ ಕೊಟ್ಟು ಬರಸ್ಕೊಂಡೀಯೇನಪಾ" ಅಂತ ನಾಲ್ಕು ಜನರ ಎದುರಿಗೆ ನಕ್ಕಿದ್ದರಂತೆ. ಸಾಲು ತೆಗೆಯೋಕಾಗಲ್ಲ ಸರ್ ಅಂದೆ. ಮೇಷ್ಟರು ಸ್ವಲ್ಪ ಯೋಚಿಸಿ ಒಂದು ಉಪಾಯ ಹೇಳಿದರು. "ಹಂಗಾರ ನೀವು ನನಗ 180 ರೂಪಾಯಿ ಫೋನ್‌ಪೇ ಮಾಡ್ರಿ. ಕೊಂಡಂಗ ಆತಲ್ರಿ. ರೊಕ್ಕ ನಾ ರಾತ್ರಿ ವಾಪಸ್ ಹಾಕ್ತೀನಿ."

ನಗು ಬಂತು, ಪಾಪ ಅಂತಲೂ ಅನ್ನಿಸಿತು. ಸಾಲು ಮಾತ್ರ ತೆಗೆಯಲಿಲ್ಲ.

ಪುಸ್ತಕಗಳ ಬಗ್ಗೆ ಬರೆಯೋಕೆ ಶುರು ಮಾಡಿ 17 ವರ್ಷವಾಯಿತು. ಟೀಕೆ ಮಾಡಿದ್ದಕ್ಕೆ ಬರುವ ಫೋನ್‌ಗಳಿಗಿಂತ ಈ ಒಂದು ಸಾಲಿಗೆ ಬರುವ ಫೋನ್‌ಗಳೇ ಜಾಸ್ತಿ. ಪಾತ್ರಗಳಿಗೆ ಜೀವವೇ ಇಲ್ಲ ಅಂತ ಬರೆದರೂ ಸಹಿಸಿಕೊಳ್ಳುತ್ತಾರೆ. ಗೌರವ ಪ್ರತಿ ಅಂದರೆ ಮಾತ್ರ ಮನೆ ಮರ್ಯಾದೆ ಹೋಯಿತು ಅನ್ನುವ ಹಾಗೆ ಆಡುತ್ತಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ವಿವರಿಸಿ ಸಾಕಾಗಿದೆ. ಅದಕ್ಕೇ ಇದನ್ನು ಒಂದು ಸಲ ಬರೆದು ಇಡುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

ಆ ಸಾಲು ಹೇಳುವುದು ಒಂದೇ ವಿಷಯ. ಈ ಪುಸ್ತಕಕ್ಕೆ ನನ್ನ ಕೈಯಿಂದ ದುಡ್ಡು ಹೋಗಿಲ್ಲ. ಪುಸ್ತಕ ಕೆಟ್ಟದ್ದು ಅಂತ ಅದರ ಅರ್ಥ ಅಲ್ಲ. ನಾನು ಮುಲಾಜಿಗೆ ಬರೆದೆ ಅಂತಲೂ ಅಲ್ಲ. ನೀವು ಕೈಕಾಲು ಹಿಡಿದಿರಿ ಅಂತಂತೂ ಅಲ್ಲವೇ ಅಲ್ಲ. ದುಡ್ಡು ಹೋಗಿಲ್ಲ, ಅಷ್ಟೇ.

ಅಷ್ಟೇ ಆದರೆ ಹೇಳುವುದು ಯಾಕೆ ಅಂತ ಕೇಳುತ್ತೀರಿ. ನನ್ನ ಮಾತು ನಂಬಿ ಪುಸ್ತಕ ತರಿಸುವವರ ಕೈಯಿಂದ ದುಡ್ಡು ಹೋಗುತ್ತಲ್ಲ, ಅದಕ್ಕೆ. 450 ರೂಪಾಯಿ ಕೊಟ್ಟು ತಂದ ಕಾದಂಬರಿ ನೂರನೇ ಪುಟದಲ್ಲಿ ಬೇಜಾರು ಹಿಡಿಸಿದರೆ ನನಗೆ ಸಿಟ್ಟು ಬರುತ್ತದೆ. ಸುಮ್ನೆ ಬಂದ ಕಾದಂಬರಿ ಬೇಜಾರು ಹಿಡಿಸಿದರೆ ಮುಚ್ಚಿಟ್ಟು ಕಾಫಿ ಮಾಡಿಕೊಳ್ಳುತ್ತೇನೆ. ಒಂದು ಸಲ ನನ್ನ ಹಳೆಯ ಬರಹಗಳನ್ನೆಲ್ಲ ತಿರುವಿ ಹಾಕುತ್ತಿದ್ದೆ. ಕೊಂಡು ಓದಿದ ಪುಸ್ತಕಗಳ ಬಗ್ಗೆ ಎಷ್ಟೋ ಕಡೆ 'ಈ ಪುಟಕ್ಕೆ ಈ ಬೆಲೆ ಜಾಸ್ತಿಯಾಯಿತು' ಅಂತ ಗೊಣಗಿದ್ದೇನೆ. ಗೌರವ ಪ್ರತಿಗಳ ಬಗ್ಗೆ ಬರೆಯುವಾಗ ಒಂದು ಕಡೆಯೂ ಬೆಲೆಯ ಮಾತೇ ಎತ್ತಿಲ್ಲ. ಮೋಸ ಮಾಡಬೇಕು ಅಂತ ಹಾಗೆ ಮಾಡಿದ್ದಲ್ಲ. ಬೆಲೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಓದುವವರಿಗೆ ಗೊತ್ತಾಗಬೇಕಾದ್ದು ಇದೇ ವ್ಯತ್ಯಾಸ.

ಇದೇನು ಹೊಸ ಕಾಲದ ಫ್ಯಾಷನ್ ಅಲ್ಲ. ನಮ್ಮ ಪತ್ರಿಕೆಗಳಲ್ಲಿ 'ಸಾದರ ಸ್ವೀಕಾರ' ಅನ್ನುವ ಪಟ್ಟಿ ಬರುತ್ತಿತ್ತು, ಈಗಲೂ ಕೆಲವು ಕಡೆ ಬರುತ್ತದೆ. ಆ ಎರಡು ಪದಗಳನ್ನು ಇನ್ನೊಂದು ಸಲ ಓದಿ. ನೀವು ಕಳಿಸಿದಿರಿ, ನಾವು ಆದರದಿಂದ ತೆಗೆದುಕೊಂಡೆವು. ಎಲ್ಲರ ಕಣ್ಣಿಗೂ ಬೀಳುವ ಹಾಗೆ ಅಚ್ಚು ಹಾಕಿ ಹೇಳುತ್ತಿದ್ದರು. 'ವಿಮರ್ಶೆಗೆ ಎರಡು ಪ್ರತಿ ಕಳಿಸಿ' ಅಂತಲೂ ಪ್ರಕಟಿಸುತ್ತಿದ್ದರು. ಅದರಿಂದ ಯಾವ ಲೇಖಕರ ಮರ್ಯಾದೆಯೂ ಹೋಗಲಿಲ್ಲ. ಪಟ್ಟಿಯಲ್ಲಿ ಹೆಸರು ಬಂದರೆ ಅದನ್ನೇ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು.

ಪತ್ರಿಕೆಯಲ್ಲಿ ಇನ್ನೊಂದು ಅನುಕೂಲ ಇತ್ತು. ನಡುವೆ ಸಂಪಾದಕರು ಇರುತ್ತಿದ್ದರು. ಪುಸ್ತಕ ಅವರಿಗೆ ಬರುತ್ತಿತ್ತು, ಯಾರು ಬರೆಯಬೇಕು ಅಂತ ಅವರು ತೀರ್ಮಾನಿಸುತ್ತಿದ್ದರು. ಬರೆಯುವವರ ಮನೆ ವಿಳಾಸ ಲೇಖಕರಿಗೆ ಗೊತ್ತಿರುತ್ತಿರಲಿಲ್ಲ, ಕನಿಷ್ಠ ಹಾಗಿರಬೇಕಿತ್ತು. ಈಗ? ಕೊರಿಯರ್‌ಗೆ ಸಹಿ ಹಾಕುವವಳೂ ನಾನೇ, ಯಾವ ಪುಸ್ತಕ ಅಂತ ಆರಿಸುವವಳೂ ನಾನೇ, ಬರೆಯುವವಳೂ ನಾನೇ, ಆಮೇಲೆ ಫೋನ್ ಎತ್ತುವವಳೂ ನಾನೇ. ಹಿಂದೆ ಸಂಪಾದಕರು ನಿಂತಿದ್ದ ಜಾಗದಲ್ಲಿ ಈಗ ಆ ಒಂದು ಸಾಲು ನಿಂತಿದೆ. ಅದನ್ನೂ ತೆಗೆದುಬಿಟ್ಟರೆ ನಡುವೆ ಏನೂ ಉಳಿಯುವುದಿಲ್ಲ, ಅಲ್ವಾ?

ಕಾನೂನಿನ ಮಾತೂ ಸ್ವಲ್ಪ ಇದೆ. ನಾನು ವಕೀಲೆ ಅಲ್ಲ, ಗೊತ್ತಿರುವಷ್ಟು ಹೇಳುತ್ತೇನೆ. ಜಾಹೀರಾತು ಕ್ಷೇತ್ರದವರೇ ಮಾಡಿಕೊಂಡ ಮಂಡಳಿ ಆಸ್ಕಿ, 2021ರ ಮೇ ತಿಂಗಳಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಅಂತ ಮಾರ್ಗಸೂಚಿ ತಂದಿತು. ಜೂನ್ 14ರಿಂದ ಜಾರಿಗೆ ಬಂತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್ನೂ ಬಿಡಿಸಿ ಹೇಳಿತು. ಬಿಟ್ಟಿ ಬಂದ ವಸ್ತುವಾದರೆ, ಷರತ್ತು ಇರಲಿ ಇಲ್ಲದಿರಲಿ, ಹೇಳಬೇಕು. ಎದ್ದು ಕಾಣುವ ಹಾಗೆ ಹೇಳಬೇಕು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಹೂತಿಡಬಾರದು. ಯಾವ ಭಾಷೆಯಲ್ಲಿ ಶಿಫಾರಸು ಮಾಡುತ್ತೀರೋ ಅದೇ ಭಾಷೆಯಲ್ಲಿ ಹೇಳಬೇಕು. ಈ ನಿಯಮಗಳು ಶಾಂಪೂ, ಮೊಬೈಲ್ ತೋರಿಸಿ ದುಡ್ಡು ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಹಾಗೆ ಕಾಣುತ್ತವೆ. 180 ರೂಪಾಯಿಯ ಕಥಾಸಂಕಲನಕ್ಕೆ ಎಷ್ಟರಮಟ್ಟಿಗೆ ಅನ್ವಯ ಅಂತ ಯಾರಾದರೂ ವಾದಕ್ಕೆ ನಿಂತರೆ ನಾನು ಜಗಳ ಮಾಡುವುದಿಲ್ಲ. ಆದರೆ ಅದನ್ನು ಓದಿದ ಮೇಲೆ, ಅಷ್ಟು ದಿನ ಬರಹದ ಕೊನೆಯಲ್ಲಿ ಸಣ್ಣಗೆ ಹಾಕುತ್ತಿದ್ದ ಸಾಲನ್ನು ಎತ್ತಿ ಮೊದಲಿಗೆ ತಂದೆ. ಫೋನ್‌ಗಳು ಜಾಸ್ತಿಯಾಗಿದ್ದೂ ಆಗಿನಿಂದಲೇ. ಕೊನೆಯಲ್ಲಿದ್ದಾಗ ಯಾರೂ ಓದುತ್ತಿರಲಿಲ್ಲ ಅಂತ ಕಾಣುತ್ತೆ.

ಅಮೆರಿಕದಲ್ಲಿ ಈ ನಿಯಮ ಇನ್ನೂ ಹಳೆಯದು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಅಂತರ್ಜಾಲದಲ್ಲಿ ಬರೆಯುವವರನ್ನೂ ಇದರೊಳಗೆ ತಂದಿತು. ಅಮೆಜಾನ್ 2016ರಲ್ಲಿ ಬಿಟ್ಟಿ ವಸ್ತು ಕೊಟ್ಟು ರಿವ್ಯೂ ಬರೆಸುವುದನ್ನು ನಿಲ್ಲಿಸಿದಾಗ ಪುಸ್ತಕಗಳಿಗೆ ವಿನಾಯಿತಿ ಕೊಟ್ಟಿತು. ಲೇಖಕರು ಪ್ರತಿ ಕೊಡಬಹುದು, ಆದರೆ ಅದಕ್ಕೆ ಬದಲಾಗಿ ಬರೆಯಲೇಬೇಕು ಅಂತ ಕೇಳುವಂತಿಲ್ಲ. ನಮ್ಮ ಲೇಖಕರಿಗೆ ಈ ಎರಡನೇ ಭಾಗ ಓದಿ ಹೇಳಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಮನೆಯಲ್ಲಿ ಮಂಚದ ಕೆಳಗೆ ಎರಡು ರಟ್ಟಿನ ಪೆಟ್ಟಿಗೆ ಇವೆ. ಬಂದ ಪುಸ್ತಕಗಳಲ್ಲಿ ಬರೆಯಲಾಗದವು ಅಲ್ಲಿರುತ್ತವೆ. ಬರೆಯಲಿಲ್ಲ ಅಂದರೆ ಇಷ್ಟವಾಗಲಿಲ್ಲ ಅಂತಲೇ ಅಲ್ಲ. ಎಷ್ಟೋ ಸಲ ಸೊಂಟ ನೋವು, ಮಗಳ ಪರೀಕ್ಷೆ.

ಇನ್ನು ಬಿಡುಗಡೆಯ ವಾರದ ಸರದಿ. ಹಿಂದೆ ಪುಸ್ತಕ ಬಿಡುಗಡೆ ಅಂದರೆ ಭಾನುವಾರ ಬೆಳಿಗ್ಗೆ ಸಭಾಂಗಣ. 10 ಗಂಟೆಗೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಬಣ್ಣದ ಕಾಗದ ಹರಿದು ಪುಸ್ತಕ ಎತ್ತಿ ತೋರಿಸುವುದು. ಪುಸ್ತಕವನ್ನು ಕಾರಿನಲ್ಲಿ ಬರುವಾಗ ಮುನ್ನುಡಿಯವರೆಗೆ ಓದಿಕೊಂಡ ಮುಖ್ಯ ಅತಿಥಿಗಳು. ಅದು ಈಗಲೂ ಇದೆ, ನನಗೆ ಇಷ್ಟವೂ ಹೌದು. ಅಲ್ಲಿ ಹೊಗಳಿಕೆ ಕೇಳಿ ಯಾರೂ ಮೋಸ ಹೋಗುವುದಿಲ್ಲ. ಮದುವೆ ಮನೆಯಲ್ಲಿ ಮದುಮಗನನ್ನು ಯಾರಾದರೂ ಬೈಯುತ್ತಾರಾ?

ಆದರೆ ಇಂಗ್ಲಿಷ್ ಪ್ರಕಾಶಕರು ಬ್ಲಾಗ್ ಟೂರ್ ಅಂತ ಮಾಡುತ್ತಿದ್ದುದು ಈಗ ಕನ್ನಡಕ್ಕೂ ಬಂದಿದೆ. ಆರೆಂಟು ಜನರ ವಾಟ್ಸಾಪ್ ಗುಂಪು. ಒಬ್ಬೊಬ್ಬರಿಗೆ ಒಂದೊಂದು ದಿನ. ಪ್ರತಿದಿನ ಒಬ್ಬರಲ್ಲ ಒಬ್ಬರು ಪುಸ್ತಕದ ಬಗ್ಗೆ ಬರೆಯುತ್ತಿರಬೇಕು, ಎಲ್ಲಿ ನೋಡಿದರೂ ಅದೇ ಮುಖಪುಟ ಕಾಣಬೇಕು. ಇದರಲ್ಲಿ ತಪ್ಪೇನಿಲ್ಲ. ಕನ್ನಡದಲ್ಲಿ 500 ಪ್ರತಿ ಹಾಕಿಸಿ, ಅದನ್ನು ಮಾರಲು ಒದ್ದಾಡುವವರಿಗೆ ಪ್ರಚಾರ ಬೇಕೇ ಬೇಕು.

ನಾನೂ ಒಂದು ಸಲ ಅಂಥ ಗುಂಪಿನಲ್ಲಿದ್ದೆ. ಶನಿವಾರ ಪಿಡಿಎಫ್ ಬಂತು, 312 ಪುಟ. ನನ್ನ ಸರದಿ ಗುರುವಾರ. ಪಿಡಿಎಫ್ ಜೊತೆಗೆ 'ಬರೆಯಲು ಅನುಕೂಲವಾಗುವ ಅಂಶಗಳು' ಅಂತ ಒಂದು ಪುಟ. ಗುಂಪಿನಲ್ಲಿದ್ದ ಹುಡುಗಿಯೊಬ್ಬಳು, "ಇಷ್ಟ ಆಗಲಿಲ್ಲ ಅಂದ್ರೆ ಏನ್ ಬರೀಲಿ ಸರ್?" ಅಂತ ಕೇಳಿದಳು. "ಇಷ್ಟ ಆಗದಿದ್ದವರು ಬಿಡುಗಡೆ ಮುಗಿದ ಮೇಲೆ ಹಾಕಿ" ಅಂತ ಪ್ರಕಾಶಕರಿಂದ ಉತ್ತರ ಬಂತು. ಸೋಮವಾರದಿಂದ ಶುರುವಾಯಿತು. ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿದರೆ 8 ಜನರಲ್ಲಿ 5 ಜನರ ಬರಹದಲ್ಲಿ ಒಂದೇ ವಾಕ್ಯ: ಓದುತ್ತಾ ಓದುತ್ತಾ ಕಣ್ಣು ಮಂಜಾಗುತ್ತದೆ. ಆ ಅನುಕೂಲದ ಪುಟದಲ್ಲಿದ್ದ ವಾಕ್ಯ ಅದು. ಮೂರನೇ ದಿನವೇ, ಬುಧವಾರ ರಾತ್ರಿ, ಓದುಗರೊಬ್ಬರು, "ಏನ್ರೀ, ನಿಮಗೆಲ್ಲ ಒಂದೇ ಪುಟದಲ್ಲಿ ಕಣ್ಣು ಮಂಜಾಯ್ತಾ?" ಅಂತ ಬರೆದರು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ನನ್ನ ಬರಹದ ಮೊದಲ ಸಾಲನ್ನು ಉದ್ದ ಮಾಡಿದೆ. 'ಪ್ರಕಾಶಕರು ಕಳಿಸಿದ ಪ್ರತಿ. ನಾವು 8 ಜನ ಸರದಿಯಲ್ಲಿ ಬರೆಯುತ್ತಿದ್ದೇವೆ. ದಿನ ಗೊತ್ತು ಮಾಡಿದವರು ಪ್ರಕಾಶಕರು. ಇಷ್ಟವಾಗದವರು ಆಮೇಲೆ ಬರೆಯುವುದು ಅಂತ ಮಾತಾಗಿದೆ.' ಆ ಪುಸ್ತಕ ನನಗೆ ಇಷ್ಟವೇ ಆಗಿತ್ತು, ಚೆನ್ನಾಗೇ ಬರೆದಿದ್ದೆ. ಮತ್ತೆ ಅವರು ನನ್ನನ್ನು ಯಾವ ಗುಂಪಿಗೂ ಸೇರಿಸಲಿಲ್ಲ.

ದೊಡ್ಡದಾಗಿ ಮಾತಾಡುತ್ತಿದ್ದಾಳೆ ಅಂದುಕೊಳ್ಳಬೇಡಿ. ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ.

ಶುರುವಿನ ವರ್ಷಗಳಲ್ಲಿ ಸ್ನೇಹಿತೆಯೊಬ್ಬಳ ಪ್ರಬಂಧಗಳ ಪುಸ್ತಕದ ಬಗ್ಗೆ ಬರೆದೆ. ಹಸ್ತಪ್ರತಿಯಿಂದಲೇ ಓದಿದ್ದೆ, ಅಲ್ಲಲ್ಲಿ ತಿದ್ದಿಯೂ ಕೊಟ್ಟಿದ್ದೆ. ಅದನ್ನೆಲ್ಲ ಬರೆಯಬೇಕು ಅಂತ ಹೊಳೆಯಲೇ ಇಲ್ಲ. ಮೂರು ವಾರ ಬಿಟ್ಟು ಒಂದು ಕಾರ್ಡ್ ಬಂತು. ಶಿರಸಿ ಕಡೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರದು, ಮುತ್ತಿನಂಥ ಅಕ್ಷರ. ನನ್ನ ಬರಹ ನೋಡಿ ಎರಡು ಪ್ರತಿ ತರಿಸಿದರಂತೆ. ಒಂದು ತಮಗೆ, ಒಂದು ಮಗಳಿಗೆ. ಪುಸ್ತಕದ ಅರಿಕೆಯಲ್ಲಿ, ಹಸ್ತಪ್ರತಿ ಓದಿ ತಿದ್ದಿದವರು ಅಂತ ನನ್ನ ಹೆಸರು ಇದೆಯಂತೆ. 'ಬಹುಶಃ ತಾವು ಆ ಪುಟ ಗಮನಿಸಿಲ್ಲ' ಅಂತ ಮುಗಿಸಿದ್ದರು.

ಒಂದು ಕೆಟ್ಟ ಮಾತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ದುಡ್ಡು ಕಳಿಸುತ್ತೇನೆ ಅಂತ ಬರೆದೆ. ಉತ್ತರ ಬರಲಿಲ್ಲ.

ಹೊಟ್ಟೆ ಉರಿಯುವುದು ಯಾವುದಕ್ಕೆ ಗೊತ್ತಾ? ಆ ಪುಸ್ತಕ ನಿಜವಾಗಿಯೂ ಚೆನ್ನಾಗಿತ್ತು. ಈಗಲೂ ಹಾಗೇ ಹೇಳುತ್ತೇನೆ. ನಾನು ಬರೆದದ್ದರಲ್ಲಿ ಒಂದು ಸುಳ್ಳು ಪದ ಇರಲಿಲ್ಲ. ಆದರೂ ಆ ಹಿರಿಯರಿಗೆ ಪುಸ್ತಕದ ಪ್ರತಿ ಪುಟವೂ ಸುಳ್ಳಿನ ಹಾಗೆ ಕಂಡಿರಬೇಕು. 'ಈಕೆ ನನ್ನ ಸ್ನೇಹಿತೆ, ಹಸ್ತಪ್ರತಿ ನಾನು ತಿದ್ದಿದ್ದೇನೆ' ಅಂತ ಮೊದಲೇ ಬರೆದಿದ್ದರೆ, ಬಹುಶಃ ಒಂದೇ ಪ್ರತಿ ತರಿಸುತ್ತಿದ್ದರು. ಆದರೆ ಇಷ್ಟಪಟ್ಟು ಓದುತ್ತಿದ್ದರು. ನಾನು ಆ ಸಾಲು ಮುಚ್ಚಿಟ್ಟದ್ದರಿಂದ ನಷ್ಟವಾಗಿದ್ದು ನನ್ನ ಸ್ನೇಹಿತೆಗೇ.

ಈ ಕಥೆಯನ್ನು ಹಾವೇರಿಯ ಮೇಷ್ಟರಿಗೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಅಚ್ಚು ಹಾಕಿಸಲು ಸೊಸೈಟಿಯಲ್ಲಿ ಸಾಲ ಮಾಡಿದ್ದರಂತೆ. 500ರಲ್ಲಿ 120 ಪ್ರತಿ ನೆಂಟರಿಗೆ, ಸಹೋದ್ಯೋಗಿಗಳಿಗೆ ಹಂಚಿಯೇ ಮುಗಿದಿತ್ತು. "ನನಗೊಂದು ಕಾಪಿ ಇಲ್ವಾ?" ಅಂತ ಕೇಳುವುದು ನಮ್ಮಲ್ಲಿ ಊಟ ಆಯ್ತಾ ಅಂತ ಕೇಳಿದಷ್ಟೇ ಸಹಜ. ಆಗ ಇದ್ದಕ್ಕಿದ್ದ ಹಾಗೆ ನೆನಪಾಗಿ ಕೇಳಿದೆ: "ಸರ್, ನಿಮ್ಮ ಷಡ್ಡಕ ಪುಸ್ತಕ ಕೊಂಡು ಓದಿದ್ರಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಇಲ್ರೀ. ನಾನ ಕೊಟ್ಟಿದ್ದೆ."

ಇಬ್ಬರೂ ನಕ್ಕೆವು. ಸಾಲು ಹಾಗೇ ಉಳಿಯಿತು.

ಎರಡು ವಾರದ ಹಿಂದೆ ಅವರ ಎರಡನೇ ಪುಸ್ತಕ ಬಂದಿದೆ, ಈ ಸಲ ಕಾದಂಬರಿ. ಒಳಪುಟದಲ್ಲಿ 'ಗೌರವ ಪ್ರತಿ' ಅಂತ ರಬ್ಬರ್ ಸ್ಟಾಂಪ್. ಅದರ ಕೆಳಗೆ ನೀಲಿ ಪೆನ್ನಿನಲ್ಲಿ, 'ಸಾಲು ಇರಲಿ'. ಈ ಸಲ ಪರಿಚಯವಿಲ್ಲ ಅಂತ ಬರೆಯುವ ಹಾಗಿಲ್ಲ. ಅಷ್ಟು ಹೊತ್ತು ಫೋನಿನಲ್ಲಿ ಮಾತಾಡಿದ್ದೇವಲ್ಲ, ಅದನ್ನೂ ಬರೆಯಬೇಕು. 90 ಪುಟ ಓದಿದ್ದೇನೆ. ಕಥೆಗಳಲ್ಲಿದ್ದ ಬಿಗಿ ಇದರಲ್ಲಿ ಇನ್ನೂ ಕಂಡಿಲ್ಲ. ಇನ್ನೂ 150 ಪುಟ ಇದೆ, ನೋಡೋಣ.