ಮುಪ್ಪಿಗೆ ಮುನ್ನದ ಏರ್ಪಾಡು

ವಾರಕ್ಕೊಂದಾದರೂ ಸುದ್ದಿ ಬರುತ್ತದೆ. ಪಿಂಚಣಿ ನಿಂತುಹೋದ ಅಜ್ಜಿಯೊಬ್ಬರು ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಕುಳಿತ ಚಿತ್ರ ಒಂದು ದಿನ; ಮಗನಿಗೆ ಬರೆದುಕೊಟ್ಟ ದಾನಪತ್ರವನ್ನು ಉಪವಿಭಾಗಾಧಿಕಾರಿ ರದ್ದುಪಡಿಸಿದ ಆದೇಶ ಇನ್ನೊಂದು ದಿನ. ಎಪ್ಪತ್ತು ದಾಟಿದವರಿಗೆಲ್ಲ ಆಯುಷ್ಮಾನ್ ಕಾರ್ಡ್ ಎಂಬ ಘೋಷಣೆ, ದಕ್ಷಿಣದವರು ಇನ್ನು ಹೆಚ್ಚು ಮಕ್ಕಳನ್ನು ಹೆರಬೇಕು ಎಂಬ ಕರೆ, ವೃದ್ಧಾಶ್ರಮದಲ್ಲಿ ಜಾಗವಿಲ್ಲ ಎಂಬ ದೂರು. ಕಂದಾಯ, ಆರೋಗ್ಯ, ನ್ಯಾಯಾಲಯ, ಹಣಕಾಸು ಎಂದು ಹಂಚಿಹೋಗಿರುವ ಈ ಸುದ್ದಿಗಳು ಒಂದೇ ಬೇರಿನಿಂದ ಚಿಗುರಿದವು. ನಾಡಿಗೆ ವಯಸ್ಸಾಗುತ್ತಿದೆ. ಅದಕ್ಕೆ ಬೇಕಾದ ಏರ್ಪಾಡು ಮಾಡಬೇಕಾದವರು ಯಾರು ಎಂಬುದು ಮಾತ್ರ ಏಳು ದಶಕಗಳಾದರೂ ತೀರ್ಮಾನವಾಗಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು 10.38 ಕೋಟಿ, ಅಂದರೆ ಜನಸಂಖ್ಯೆಯ ಶೇ 8.6ರಷ್ಟು. 2050ರ ಹೊತ್ತಿಗೆ ಈ ಸಂಖ್ಯೆ 34.7 ಕೋಟಿ ಮುಟ್ಟುತ್ತದೆ, ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಅಂದಾಜು. ಆದರೆ ದೇಶಕ್ಕೆ ಒಂದೇ ಸಮನೆ ವಯಸ್ಸಾಗುತ್ತಿಲ್ಲ. 2021ರ ಅಂದಾಜಿನಲ್ಲಿ ಕೇರಳದ ಹಿರಿಯರ ಪಾಲು ಶೇ 16.5, ಬಿಹಾರದ್ದು ಶೇ 7.7. ಕರ್ನಾಟಕ ಇವೆರಡರ ನಡುವೆ ಇದ್ದರೂ ಹೆಜ್ಜೆ ಹಾಕುತ್ತಿರುವುದು ಕೇರಳದ ದಿಕ್ಕಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಆದ್ದರಿಂದಲೇ ದೆಹಲಿಯ ಒಂದು ನೀತಿ ಎಲ್ಲರಿಗೂ ಹೊಂದುವುದಿಲ್ಲ, ಇದು ರಾಜ್ಯಗಳ ಕೆಲಸವೂ ಹೌದು.

ಈ ದಿಕ್ಕಿಗೆ ನಾವು ತಿಳಿದೇ ನಡೆದವರು. 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದದ್ದು ಮೈಸೂರು ಸಂಸ್ಥಾನ. 1952ರಲ್ಲಿ ದೇಶವ್ಯಾಪಿ ಕುಟುಂಬ ಯೋಜನೆ ಬಂತು, ಮುಂದೆ ಆಸ್ಪತ್ರೆಯ ಗೋಡೆಗಳ ಮೇಲೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಬರಹ ಮೂಡಿತು. ಸ್ವಾತಂತ್ರ್ಯದ ಹೊತ್ತಿಗೆ 32ರ ಆಸುಪಾಸಿನಲ್ಲಿದ್ದ ಸರಾಸರಿ ಆಯಸ್ಸು 70ರ ಸಮೀಪಕ್ಕೆ ಬಂತು. ಎರಡೂ ದೊಡ್ಡ ಗೆಲುವುಗಳೇ. ಆರತಿ ಮದುವೆಯಾಗಿ ಹೋದ ಮೇಲೆ, ಕೀರ್ತಿ ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರ ಗತಿಯೇನು ಎಂಬುದನ್ನು ಆ ಗೋಡೆಯ ಬರಹ ಹೇಳಿರಲಿಲ್ಲ.

ಸಂವಿಧಾನ ಹೇಳಿತ್ತು, ಆದರೆ ಮೆಲುದನಿಯಲ್ಲಿ. ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿನ ಬಗ್ಗೆ 41ನೇ ವಿಧಿ ಮಾತನಾಡುತ್ತದೆ. ಜೊತೆಗೇ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತನ್ನೂ ಇಡುತ್ತದೆ. ಆ ಮಿತಿಯನ್ನು ಮೊದಲು ಪರೀಕ್ಷಿಸಿದವು ರಾಜ್ಯಗಳೇ. 1957ರಲ್ಲಿ ಉತ್ತರ ಪ್ರದೇಶ ವೃದ್ಧಾಪ್ಯ ವೇತನ ಶುರುಮಾಡಿತು, ಉಳಿದ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಕೇಂದ್ರ ಸರ್ಕಾರ ಕೈಜೋಡಿಸಿದ್ದು ಬಹಳ ತಡವಾಗಿ, 1995ರ ಆಗಸ್ಟ್ 15ರಂದು. 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ.

ಈ ಪಿಂಚಣಿಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮುಪ್ಪಿನ ಬಗ್ಗೆ ನಮ್ಮ ಆಡಳಿತ ಹೇಗೆ ಯೋಚಿಸುತ್ತದೆ ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

75 ರೂಪಾಯಿ 2006ರಲ್ಲಿ 200 ಆಯಿತು. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿ ಅವರ ಹೆಸರು ಬಂತು. 2011ರಲ್ಲಿ ಅರ್ಹತೆಯ ವಯಸ್ಸನ್ನು 60ಕ್ಕೆ ಇಳಿಸಿ, 80 ದಾಟಿದವರಿಗೆ 500 ರೂಪಾಯಿ ಎಂದು ನಿಗದಿ ಮಾಡಲಾಯಿತು. ಅಲ್ಲಿಗೆ ನಿಂತಿತು. 80ರ ಒಳಗಿನವರಿಗೆ ಕೇಂದ್ರ ಕೊಡುವ ಪಾಲು ಇಂದಿಗೂ ಅದೇ 200 ರೂಪಾಯಿ. ಸರ್ಕಾರಗಳು ಬದಲಾದವು, ನೌಕರರ ವೇತನ ಆಯೋಗಗಳು ಬಂದುಹೋದವು, ಈ ಇನ್ನೂರು ಕದಲಲಿಲ್ಲ. ಫಲಾನುಭವಿಗಳ ಸಂಖ್ಯೆಗೂ ದೇಶದಾದ್ಯಂತ ಸುಮಾರು 2.21 ಕೋಟಿ ಎಂಬ ಮಿತಿ ಇದೆ. ಕನಿಷ್ಠ ಕೂಲಿಯ ಅರ್ಧದಷ್ಟಾದರೂ ಪಿಂಚಣಿ ಕೊಡಿ ಎಂದು ಸಾಮಾಜಿಕ ಹೋರಾಟಗಾರರಾದ ಅರುಣಾ ರಾಯ್, ಬಾಬಾ ಆಢಾವ್ ಮುಂದಾಳತ್ವದಲ್ಲಿ ಹುಟ್ಟಿದ ಪಿಂಚಣಿ ಪರಿಷತ್ತು ಕೇಳಿಕೊಂಡೇ ಬಂದಿದೆ.

ಉಳಿದ ಹೊರೆ ರಾಜ್ಯಗಳ ಹೆಗಲಿಗೆ ಬಿತ್ತು. ಕರ್ನಾಟಕ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ದುಡಿಮೆಗಾರರು 65 ದಾಟಿದರೆ ತಿಂಗಳಿಗೆ 400 ರೂಪಾಯಿ. ಈಗ ಅದು 1,200. ಬಡ ಮನೆಯೊಂದರಲ್ಲಿ ಈ 1,200 ರೂಪಾಯಿಗೆ ಇರುವ ಬೆಲೆಯನ್ನು ಕಡಿಮೆ ಎಣಿಸಬಾರದು. ಬಿಪಿ, ಸಕ್ಕರೆ ಮಾತ್ರೆಗಳು ಅದರಲ್ಲಿ ಬರುತ್ತವೆ, ಮೊಮ್ಮಕ್ಕಳ ಕೈಗೆ ಹತ್ತು ರೂಪಾಯಿ ಇಡುವ ಗೌರವವೂ ಅದರಲ್ಲಿಯೇ ಬರುತ್ತದೆ.

ನನ್ನ ಅಜ್ಜಿಗೆ ಹಣ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು. ಅಂಚೆಯಣ್ಣ ಜಗಲಿಯ ಮೇಲೆ ಕೂತು ಶಾಯಿ ಪ್ಯಾಡ್ ತೆರೆದರೆ ಅಜ್ಜಿ ಹೆಬ್ಬೆರಳು ಒತ್ತುತ್ತಿದ್ದಳು, ನೋಟುಗಳನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ತಡವಾಗುತ್ತಿತ್ತು, ಕೆಲವು ಊರುಗಳಲ್ಲಿ ಕಾಫಿ ಕಾಸಿನ ಹೆಸರಲ್ಲಿ ಸೋರಿಕೆಯೂ ಇತ್ತು. ಅದನ್ನು ತಡೆಯಲೆಂದೇ ಹಣ ಬ್ಯಾಂಕ್ ಖಾತೆಗೆ ಹೋಗುವ ವ್ಯವಸ್ಥೆ ಬಂತು, ಆಧಾರ್ ಜೋಡಣೆ ಬಂತು. ಸೋರಿಕೆ ತಗ್ಗಿದ್ದು ನಿಜ. ಆದರೆ ಜಗಲಿಗೆ ಬರುತ್ತಿದ್ದ ಹಣಕ್ಕಾಗಿ ಈಗ ಹಿರಿಯರೇ ಹೊರಡಬೇಕಾಯಿತು.

ಕಳೆದ ವರ್ಷ ನಾಡಕಚೇರಿಯೊಂದರಲ್ಲಿ ನಾನು ಕಂಡದ್ದು: ಎಪ್ಪತ್ತೆರಡರ ಹೆಂಗಸು, ಬದುಕಿಡೀ ಕಳೆ ಕಿತ್ತ ಕೈ. ಬೆರಳಚ್ಚು ಯಂತ್ರದ ಕೆಂಪು ಬೆಳಕಿನ ಮೇಲೆ ಹೆಬ್ಬೆರಳು ಇಟ್ಟರು, ಹಿಡಿಯಲಿಲ್ಲ. ಆಪರೇಟರ್ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿದ. ತೋರುಬೆರಳು, ನಡುಬೆರಳು, ಎಡಗೈ. ‘ಗೆರೆಗಳೇ ಸವೆದುಹೋಗಿವೆ, ಅಜ್ಜಿ’ ಎಂದ. ಅವನ ದನಿಯಲ್ಲಿ ಅಸಡ್ಡೆ ಇರಲಿಲ್ಲ, ನಿಜವಾದ ಬೇಸರವಿತ್ತು. ಸರದಿಯಲ್ಲಿ ಇನ್ನೂ ಮೂವತ್ತು ಜನರಿದ್ದರು. ಆಕೆ ಪಕ್ಕಕ್ಕೆ ಸರಿದು, ತನ್ನದೇ ತಪ್ಪೆಂಬಂತೆ ಬೆರಳುಗಳನ್ನು ಸೆರಗಿಗೆ ಉಜ್ಜುತ್ತ ನಿಂತರು. ದುಡಿದು ಸವೆದ ಕೈ ಎಂಬುದಕ್ಕಿಂತ ದೊಡ್ಡ ಅರ್ಹತೆ ಈ ಪಿಂಚಣಿಗೆ ಬೇರೆ ಯಾವುದಿದೆ? ಯಂತ್ರಕ್ಕೆ ಅದೇ ಅಡ್ಡಿಯಾಯಿತು.

ಹೆಸರಿನ ಅಕ್ಷರ ಹೊಂದದೆ, ಖಾತೆ ನಿಷ್ಕ್ರಿಯವಾಗಿ, ದಾಖಲೆಯಲ್ಲಿ ‘ಮೃತ’ ಎಂದು ನಮೂದಾಗಿ ಪಿಂಚಣಿ ನಿಂತ ಪ್ರಕರಣಗಳು ಪ್ರತಿ ಪಿಂಚಣಿ ಅದಾಲತ್‌ನಲ್ಲೂ ಬರುತ್ತವೆ. ಗ್ರಾಮ ಆಡಳಿತ ಅಧಿಕಾರಿಗೆ ಬೆಳೆ ಸಮೀಕ್ಷೆಯಿಂದ ಚುನಾವಣೆಯವರೆಗೆ ನೂರು ಕೆಲಸ, ಅವುಗಳ ನಡುವೆ ಹಿರಿಯರ ಮನೆಗೆ ಹೋಗಿ ನೋಡುವುದೂ ಒಂದು. ಅರ್ಜಿ ಹಾಕಿದವರಿಗೆ ಪಿಂಚಣಿ ಎಂಬ ಪದ್ಧತಿಯನ್ನು ಬಿಟ್ಟು, ಸರ್ಕಾರದ ಬಳಿ ಇರುವ ವಯಸ್ಸು ಮತ್ತು ಪಡಿತರದ ಮಾಹಿತಿಯಿಂದಲೇ ಅರ್ಹರನ್ನು ಗುರುತಿಸುವ ಪ್ರಯತ್ನ ನಮ್ಮ ರಾಜ್ಯದಲ್ಲಿ ನಡೆದಿದೆ. ಇದು ಸರಿಯಾದ ದಾರಿ. ಪಿಂಚಣಿ ನಿಲ್ಲಿಸುವ ಮುನ್ನ ಒಬ್ಬ ಮನುಷ್ಯ ಮನೆಗೆ ಹೋಗಿ ನೋಡಲೇಬೇಕು ಎಂಬ ಕಟ್ಟುನಿಟ್ಟೂ ಜೊತೆಗಿದ್ದರೆ ಅರ್ಧದಷ್ಟು ಕಣ್ಣೀರು ತಪ್ಪುತ್ತದೆ.

ಹಣದ ಆಚೆಗೆ ಯೋಚನೆ ಹೊರಳಿದ್ದು 1999ರಲ್ಲಿ. ವಿಶ್ವಸಂಸ್ಥೆ ಆ ವರ್ಷವನ್ನು ಹಿರಿಯರ ವರ್ಷ ಎಂದು ಆಚರಿಸಿತು, ಭಾರತ ತನ್ನ ಮೊದಲ ರಾಷ್ಟ್ರೀಯ ವೃದ್ಧರ ನೀತಿಯನ್ನು ಪ್ರಕಟಿಸಿತು. ನೀತಿ ಒಳ್ಳೆಯದಿತ್ತು, ಹಣ ಮತ್ತು ಸಿಬ್ಬಂದಿ ಹಿಂದೆಯೇ ಬರಲಿಲ್ಲ. 2007ರಲ್ಲಿ ಸಂಸತ್ತು ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಹೆತ್ತವರು ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ವಕೀಲರ ಹಂಗಿಲ್ಲ, 90 ದಿನಗಳಲ್ಲಿ ತೀರ್ಮಾನವಾಗಬೇಕು, ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ. ಹಿರಿಯರನ್ನು ತೊರೆದುಹೋಗುವುದು ಮೂರು ತಿಂಗಳವರೆಗಿನ ಜೈಲು ಶಿಕ್ಷೆಗೆ ಗುರಿಪಡಿಸುವ ಅಪರಾಧ.

ಕಾನೂನಿನ ಕನ್ನಡ ಬಲ್ಲವರಿಗೆ ‘ತಕ್ಕದ್ದು’ ಮತ್ತು ‘ಬಹುದು’ಗಳ ಅಂತರ ಗೊತ್ತು. ಈ ಕಾಯ್ದೆಯಲ್ಲಿ ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಮೇಲಿನ ಬಾಧ್ಯತೆ. ಜಿಲ್ಲೆಗೊಂದರಂತೆ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ತೆರೆಯುವ 19ನೇ ಸೆಕ್ಷನ್ನಿನಲ್ಲಿ ರಾಜ್ಯ ಸರ್ಕಾರಕ್ಕೆ ಇರುವುದು ‘ಸ್ಥಾಪಿಸಬಹುದು’ ಎಂಬ ಅವಕಾಶ. ಮಕ್ಕಳಿಲ್ಲದವರ, ಮಕ್ಕಳೇ ಕೂಲಿಗೆ ಗುಳೆ ಹೋದವರ ಪಾಡು ಈ ‘ಬಹುದು’ವಿನಲ್ಲಿ ಸಿಕ್ಕಿಕೊಂಡಿದೆ.

ಹೆಚ್ಚು ವ್ಯಾಜ್ಯ ಎಬ್ಬಿಸಿರುವುದು 23ನೇ ಸೆಕ್ಷನ್. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ಅಸಿಂಧುಗೊಳಿಸಬಹುದು. ಷರತ್ತು ಪತ್ರದಲ್ಲಿಯೇ ಇರಬೇಕೇ? 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತು ಇತ್ತೆಂದು ಸಾಬೀತಾಗಲೇಬೇಕು ಎಂದಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಉಪನೋಂದಣಿ ಕಚೇರಿಯ ಮುಂದೆ ಪತ್ರ ಬರೆಸುವ ಹಿರಿಯರಿಗೆ ನಾನು ಹೇಳುವುದು ಒಂದೇ: ಆ ಒಂದು ಸಾಲನ್ನು ಬರೆಸಿಯೇ ಸಹಿ ಹಾಕಿ. ಮಗನ ಮುಖ ನೋಡಿ ಸಂಕೋಚಪಡುವವರೇ ಹೆಚ್ಚು. 2020ರಲ್ಲಿ ಬೆಂಗಳೂರಿನದೇ ಪ್ರಕರಣವೊಂದರಲ್ಲಿ, ಈ ಕಾಯ್ದೆಯ ಹೆಸರಿನಲ್ಲಿ ಸೊಸೆಯ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ ಎಂದೂ ಅದೇ ನ್ಯಾಯಾಲಯ ಹೇಳಿದೆ. ಮನೆಯೊಳಗಿನ ಇಬ್ಬರು ದುರ್ಬಲರು ಎದುರುಬದುರಾದಾಗ ಕಾನೂನಿಗೂ ಕಷ್ಟವೇ.

ಆರೋಗ್ಯದ ಕಡೆ 2010–11ರಲ್ಲಿ ಹಿರಿಯರ ಆರೋಗ್ಯ ಸೇವೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ಪ್ರತ್ಯೇಕ ವಾರ್ಡ್ ಅದರ ಭಾಗ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಯೋಜನೆಯಡಿ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಚಾಲನೆ ಸಿಕ್ಕಿತು.

ಇವೆಲ್ಲ ಆಸ್ಪತ್ರೆಗೆ ದಾಖಲಾದವರಿಗೆ. ಆದರೆ ಮುಪ್ಪಿನ ಹೆಚ್ಚು ದಿನಗಳು ಕಳೆಯುವುದು ಮನೆಯ ಹಾಸಿಗೆಯ ಮೇಲೆ. ಮರೆಗುಳಿ ಕಾಯಿಲೆಯೊಂದನ್ನೇ ತೆಗೆದುಕೊಳ್ಳಿ. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ, ಸುಮಾರು 88 ಲಕ್ಷ ಮಂದಿಗೆ ಇದು ಇದೆ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಅವರಿಗೆ ಬೇಕಾದುದು ಶಸ್ತ್ರಚಿಕಿತ್ಸೆಯಲ್ಲ, ದಿನವಿಡೀ ಜೊತೆಗಿರುವ ಒಬ್ಬರು. ಇಷ್ಟು ವರ್ಷ ಆ ಒಬ್ಬರು ಯಾರೆಂದು ಯಾರೂ ಕೇಳಲಿಲ್ಲ, ಏಕೆಂದರೆ ಸೊಸೆಯೋ ಮಗಳೋ ಸದ್ದಿಲ್ಲದೆ ಆ ಕೆಲಸ ಮಾಡುತ್ತಿದ್ದರು. ಈಗ ತೀರ್ಥಹಳ್ಳಿ, ಶಿರಸಿ ಕಡೆಯ ಅಡಕೆ ತೋಟದ ಮನೆಗಳಲ್ಲಿ ಇಬ್ಬರೇ ವೃದ್ಧರು. ಯಾದಗಿರಿ, ರಾಯಚೂರಿನ ಹಳ್ಳಿಗಳಲ್ಲಿ ಗುಳೆ ಹೋದವರ ಮಕ್ಕಳನ್ನು ಸಾಕುತ್ತಿರುವ ಅಜ್ಜ-ಅಜ್ಜಿಯರು.

ನೆರೆಯ ಕೇರಳ ಈ ಪ್ರಶ್ನೆಗೆ ಊರಿನಿಂದಲೇ ಉತ್ತರ ಹುಡುಕಿತು. 1993ರಲ್ಲಿ ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಕೆ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಶಮನದ ಕ್ಲಿನಿಕ್ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಮಲಪ್ಪುರಂ ಸುತ್ತಮುತ್ತ ಅದು ನೆರೆಹೊರೆಯವರ ಜಾಲವಾಗಿ ಹರಡಿತು. ತರಬೇತಿ ಪಡೆದ ಸ್ವಯಂಸೇವಕರು ವಾರದಲ್ಲಿ ಕೆಲವು ಗಂಟೆ ಕೊಡುತ್ತಾರೆ. ನರ್ಸ್ ಮನೆಗೇ ಬಂದು ಹುಣ್ಣು ತೊಳೆದು, ಮೂತ್ರನಾಳದ ಕೊಳವೆ ಬದಲಿಸಿ, ಮನೆಯವರಿಗೆ ಕಲಿಸಿ ಹೋಗುತ್ತಾರೆ. 2008ರಲ್ಲಿ ಸರ್ಕಾರ ಇದನ್ನೇ ನೀತಿಯಾಗಿ ಒಪ್ಪಿತು, ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಿಂದ ವೆಚ್ಚ ಭರಿಸತೊಡಗಿದವು. 2025ರಲ್ಲಿ ಹಿರಿಯರಿಗಾಗಿಯೇ ಆಯೋಗ ರಚಿಸುವ ಕಾನೂನನ್ನೂ ಆ ರಾಜ್ಯ ಮಾಡಿತು. ಮೊದಲು ಊರು, ಆಮೇಲೆ ಸರ್ಕಾರ. ಈ ಕ್ರಮವೇ ಅದನ್ನು ಉಳಿಸಿತು ಎಂದು ನನಗನಿಸುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇಲ್ಲವೆಂದಲ್ಲ. ಊರೂರಲ್ಲಿ ಹಾಲಿನ ಸಂಘವಿದೆ, ಸ್ತ್ರೀಶಕ್ತಿ ಗುಂಪುಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023ರ ಬಜೆಟ್‌ನಲ್ಲಿ ಬಂತು. ಅದೇ ಮಾದರಿಯಲ್ಲಿ ಹಿರಿಯರಿಗೆ ಹಗಲು ಹೊತ್ತಿನ ಮನೆ, ಮಧ್ಯಾಹ್ನದ ಬಿಸಿಯೂಟ, ವಾರಕ್ಕೊಮ್ಮೆ ನರ್ಸ್ ಭೇಟಿ ಆಗದ ಮಾತಲ್ಲ. ಆರೈಕೆಯನ್ನು ಕೂಲಿಯುಳ್ಳ, ತರಬೇತಿಯುಳ್ಳ ಕೆಲಸವೆಂದು ಸರ್ಕಾರ ಮೊದಲು ಒಪ್ಪಬೇಕು. ಇದನ್ನೂ ಆಶಾ ಕಾರ್ಯಕರ್ತೆಯ ತಲೆಯ ಮೇಲೆ ಪುಕ್ಕಟೆ ಹೊರಿಸಿದರೆ ನಡೆಯುವುದಿಲ್ಲ.

ಮಲೆನಾಡಿನ ನನ್ನ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರ ಪತ್ನಿ ಪಾರ್ಶ್ವವಾಯುವಾಗಿ ಮಲಗಿ ನಾಲ್ಕು ವರ್ಷವಾಯಿತು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಗಲಿಗೆ ಪಕ್ಕದ ಊರಿನ ಹೆಂಗಸೊಬ್ಬರು ಬರುತ್ತಾರೆ, ಎಂಟೂವರೆಯ ಬಸ್ಸಿಗೆ. ಮೈ ಒರೆಸಿ, ಗಂಜಿ ಕುಡಿಸಿ, ಕಾಲಿಗೆ ಎಣ್ಣೆ ಹಚ್ಚಿ, ಸಂಜೆ ಐದರ ಬಸ್ಸಿಗೆ ಹೊರಡುತ್ತಾರೆ. ಅದೇ ಕೊನೆಯ ಬಸ್ಸು. ರಾತ್ರಿ ಮೇಷ್ಟ್ರು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಏಳುತ್ತಾರೆ, ಅವರಿಗೆ ಎಂಬತ್ತೊಂದು. ಹಗಲು ಬರುವ ಆ ಹೆಂಗಸಿಗೆ ಈ ಕೆಲಸ ಯಾರೂ ಕಲಿಸಿದ್ದಲ್ಲ, ಮೊದಲು ಅತ್ತೆಗೆ, ಆಮೇಲೆ ಗಂಡನಿಗೆ ಮಾಡಿ ಕಲಿತದ್ದು. ಮಗಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಾಳೆ. ಮಂಡಿ ನೋವಿಗೆ ಪಟ್ಟಿ ಕಟ್ಟಿಕೊಂಡು ಬಸ್ ನಿಲ್ದಾಣದತ್ತ ನಡೆಯುವ ಆಕೆಗೆ ಈಗ ಐವತ್ತೆಂಟು.