ಜ್ವರ ಬಿಟ್ಟ ಮೇಲಿನ ಎರಡು ದಿನ

ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರ ಮರುದಿನ, ಅಂದರೆ ಆಗಸ್ಟ್ 4ರ ಬೆಳಿಗ್ಗೆ, ದಕ್ಷಿಣ ಕೊಡಗಿನಲ್ಲಿ ವೈದ್ಯವೃತ್ತಿ ಮಾಡುವ ನನ್ನಂಥವರಿಗೆ ಪ್ರತಿವರ್ಷ ಒಂದೆರಡಾದರೂ ಗಾಬರಿಯ ಕರೆಗಳು ಬರುತ್ತವೆ: ಮೂತ್ರ ಕೆಂಪಾಗಿ ಹೋಗುತ್ತಿದೆ, ಏನು ಮಾಡುವುದು? ಕರೆ ಮಾಡುವವರು ಹೆಚ್ಚಾಗಿ ಹೋಂಸ್ಟೇಗೆ ಬಂದ ಅತಿಥಿಗಳು, ಇಲ್ಲವೇ ಹೊರಜಿಲ್ಲೆಯಿಂದ ಆ ವರ್ಷವಷ್ಟೇ ಮದುವೆಯಾಗಿ ಬಂದವರು. ಹಿಂದಿನ ದಿನ ಮದ್ದು ಸೊಪ್ಪಿನ ಪಾಯಸ ತಿಂದಿರಾ ಎಂದು ಕೇಳಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಕುದಿಸಿದ ನೀರನ್ನು ಕಡು ನೇರಳೆಯಾಗಿಸುವ ಆ ಸೊಪ್ಪಿನ ಬಣ್ಣ ಮೂತ್ರದಲ್ಲಿ ಇಳಿದುಹೋಗುತ್ತದೆ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದ ಇಲ್ಲಿನವರಿಗೆ ಆ ಕೆಂಪು, ಮದ್ದು ಮೈಗೆ ಹಿಡಿಯಿತೆಂಬುದರ ಗುರುತು.

ಕೆಲವು ವರ್ಷಗಳ ಹಿಂದೆ ಅದೇ ದಿನ ಬಂದ ಒಂದು ಕರೆ ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಐವತ್ತು ದಾಟಿದ ಕಾಫಿ ಬೆಳೆಗಾರರೊಬ್ಬರಿಗೆ ಡೆಂಗಿ ಎಂದು ಖಚಿತವಾಗಿತ್ತು, ಜ್ವರ ಬಂದು ಆರನೆಯ ದಿನವಾಗಿತ್ತು, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ 70,000ಕ್ಕೆ ಇಳಿದಿತ್ತು, ಜೊತೆಗೆ ಮೂತ್ರ ಕೆಂಪಾಗಿತ್ತು. ಪಾಯಸದ ಬಣ್ಣ ಮನೆಯವರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಡೆಂಗಿಯೆಂದ ಮೇಲೆ ರಕ್ತಸ್ರಾವದ ಭಯವೇ ಮುಂದಾಗಿ, ಮೈಸೂರಿಗೆ ಹೊರಡಲು ಜೀಪು ಅಂಗಳದಲ್ಲಿ ನಿಂತಿತ್ತು. ಮೂತ್ರವನ್ನು ತರಿಸಿ ಸೂಕ್ಷ್ಮದರ್ಶಕದಡಿ ನೋಡಿದರೆ ಕೆಂಪು ರಕ್ತಕಣ ಒಂದೂ ಇರಲಿಲ್ಲ. ಅವರು ದಿನಕ್ಕೊಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತ, ಗಂಜಿ ಕುಡಿಯುತ್ತ, ಮನೆಯಲ್ಲೇ ಗುಣವಾದರು.

ಅದೇ ಮಧ್ಯಾಹ್ನ ಒಂದು ತೋಟದ ಕಾರ್ಮಿಕರ ಲೈನ್ ಮನೆಯಿಂದ 19 ವರ್ಷದ ಹುಡುಗನನ್ನು ಆಟೋದಲ್ಲಿ ಕರೆತಂದರು. "ಜ್ವರ ನಿನ್ನೆಯೇ ಬಿಟ್ಟಿದೆ ಸಾರ್, ಸುಸ್ತು ಮಾತ್ರ" ಎಂದರು ಅವನ ತಾಯಿ. ಮೂರು ದಿನಗಳಿಂದ ಹೊತ್ತಿಗೊಮ್ಮೆ ಪರಂಗಿ ಎಲೆಯ ರಸ ಹಿಂಡಿ ಕುಡಿಸುತ್ತಿದ್ದರು, ಕುಡಿದದ್ದನ್ನು ಅವನು ಪ್ರತಿಸಲವೂ ವಾಂತಿ ಮಾಡುತ್ತಿದ್ದ, ಕಹಿಯಲ್ಲವೇ ಎಂದು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕೈ ಮುಟ್ಟಿದರೆ ತಣ್ಣಗಿತ್ತು. ಈ ಮಳೆಗೆ ಯಾರ ಕೈ ಬೆಚ್ಚಗಿರುತ್ತದೆ ಎಂದು ಅದಕ್ಕೂ ಅವರ ಬಳಿ ಉತ್ತರವಿತ್ತು. ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ್ದು ಮರಳಿ ಕೆಂಪಾಗಲು ಬಹಳ ಹೊತ್ತು ತೆಗೆದುಕೊಂಡಿತು. ರಕ್ತದೊತ್ತಡ 98/82 ಇತ್ತು; ಮೇಲಿನ ಅಂಕಿ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ, ಆದರೆ ಎರಡು ಅಂಕಿಗಳ ನಡುವಿನ ಅಂತರ 20ಕ್ಕಿಂತ ಕಡಿಮೆಯಾಯಿತೆಂದರೆ ದೇಹ ಆಘಾತದ (ಶಾಕ್) ಸ್ಥಿತಿಯಲ್ಲಿದೆ, ಅಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲ ಎಂದೇ ಅರ್ಥ. ಹಿಂದಿನ ರಾತ್ರಿಯಿಂದ ಮೂತ್ರವಾಗಿರಲಿಲ್ಲ. ಪ್ಲೇಟ್‌ಲೆಟ್ 82,000, ಅಂದರೆ ಬೆಳಿಗ್ಗೆ ಜೀಪು ಹತ್ತಲು ನಿಂತಿದ್ದ ಬೆಳೆಗಾರರಿಗಿಂತ ಹೆಚ್ಚು.

ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಡೆಂಗಿಯ ಬಗ್ಗೆ ನಮ್ಮಲ್ಲಿ ಹೆದರಬೇಕಾದ ಕಡೆ ಧೈರ್ಯವೂ, ಧೈರ್ಯವಾಗಿರಬಹುದಾದ ಕಡೆ ಹೆದರಿಕೆಯೂ ಹೇಗೆ ಸೇರಿಕೊಂಡಿವೆ ಎಂಬುದು ತಿಳಿಯುತ್ತದೆ. ಸೋಂಕಿರುವ ಈಡಿಸ್ ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ, 2ರಿಂದ 7 ದಿನ ಇರುತ್ತದೆ. ಅಪಾಯದ ಅವಧಿ ಆರಂಭವಾಗುವುದು ಜ್ವರ ಏರಿದಾಗಲ್ಲ, ಇಳಿದಾಗ. ಆ ಹೊತ್ತಿಗೆ ಕೆಲವರಲ್ಲಿ ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನ ಅಂಶ ಹೊಟ್ಟೆಗೂ ಶ್ವಾಸಕೋಶದ ಸುತ್ತಲಿನ ಪೊರೆಗೂ ಸೋರತೊಡಗುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ಪ್ರಯೋಗಾಲಯದ ಚೀಟಿಯಲ್ಲಿ ಪಿ.ಸಿ.ವಿ. ಎಂದು ಬರೆದಿರುವ, ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟೆಂದು ಹೇಳುವ ಅಂಕಿ ಏರುತ್ತದೆ, ನಾಡಿ ಕ್ಷೀಣಿಸುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ನಡೆದು ತಾನಾಗಿ ನಿಲ್ಲುತ್ತದೆ. ಅಷ್ಟು ಹೊತ್ತು ರೋಗಿಯ ರಕ್ತಪರಿಚಲನೆಯನ್ನು ಹಿಡಿದು ನಿಲ್ಲಿಸುವುದೇ ಡೆಂಗಿಯ ಚಿಕಿತ್ಸೆ. ಆ ಹುಡುಗನ ಪಿ.ಸಿ.ವಿ. 54ಕ್ಕೆ ಏರಿತ್ತು. ಮೊದಲ ಗಂಟೆಯಲ್ಲಿ ಅರ್ಧ ಲೀಟರ್ ಸಲೈನ್ ಹೋಯಿತು, ಆಮೇಲೆ ಗಂಟೆಗೊಮ್ಮೆ ನಾಡಿ ನೋಡಿ, ಪಿ.ಸಿ.ವಿ. ಅಳೆದು ವೇಗ ತಗ್ಗಿಸುತ್ತ ಬಂದೆವು. ಸಂಜೆ ಏಳಕ್ಕೆ ಅವನು ಮೂತ್ರಕ್ಕೆ ಎದ್ದ. ಸರಿಯಾದ ಆರೈಕೆಯಿದ್ದರೆ ತೀವ್ರ ಡೆಂಗಿಯಲ್ಲೂ ಸಾವಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆ. ಆರೈಕೆ ಸಿಗದಿದ್ದರೆ ಇಪ್ಪತ್ತರವರೆಗೂ ಹೋಗುತ್ತದೆ.

ಈಗ ಪರಂಗಿ ಎಲೆಯ ವಿಚಾರ. ಮನೆಯಲ್ಲಿ ಯಾರೂ ಜ್ವರದ ಮೊದಲ ದಿನವೇ ರಸ ಹಿಂಡುವುದಿಲ್ಲ. ಎರಡು ಮೂರು ದಿನ ಕಾದು, ರಕ್ತಪರೀಕ್ಷೆಯಾಗಿ, ಡೆಂಗಿ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಪಕ್ಕದ ತೋಟದಿಂದ ಎಲೆ ಬರುತ್ತದೆ. ನಾಲ್ಕನೆಯ ಅಥವಾ ಐದನೆಯ ದಿನ ಜ್ವರ ಇಳಿಯುತ್ತದೆ, ಏಳೆಂಟನೆಯ ದಿನ ಪ್ಲೇಟ್‌ಲೆಟ್ ಏರತೊಡಗುತ್ತದೆ. ಇವೆರಡೂ ರಸ ಕುಡಿಯದವರಲ್ಲೂ ಅದೇ ದಿನಗಳಲ್ಲಿ ನಡೆಯುತ್ತವೆಯಾದರೂ, ಕಣ್ಣೆದುರಿಗೆ ಇದ್ದದ್ದು ಎಲೆಯಾದ್ದರಿಂದ ಹೆಸರು ಎಲೆಗೇ ಬರುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ ಎನ್ನಬಹುದಿತ್ತು, ಜ್ವರ ಇಳಿದ ದಿನವೇ ಮನೆಯವರು "ಮದ್ದು ಹಿಡಿಯಿತು" ಎಂದು ನಿಶ್ಚಿಂತರಾಗದೆ ಇದ್ದಿದ್ದರೆ. ಆ ಹುಡುಗನ ತಾಯಿ ಒಂದು ದಿನ ತಡಮಾಡಿದ್ದು ಅಸಡ್ಡೆಯಿಂದಲ್ಲ, ಮಗ ಗುಣವಾದನೆಂಬ ಸಮಾಧಾನದಿಂದ.

ಎಲೆಯಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಲೇಷ್ಯಾದಲ್ಲಿ 228 ಡೆಂಗಿ ರೋಗಿಗಳನ್ನು ಎರಡು ಗುಂಪಾಗಿಸಿ, ಒಂದು ಗುಂಪಿಗೆ ತಾಜಾ ಪರಂಗಿ ಎಲೆಯ ರಸವನ್ನು ಮೂರು ದಿನ ಕೊಟ್ಟು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು; ರಸ ಕುಡಿದವರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತ್ತು. ಆದರೆ ಯಾರಿಗೆ ರಸ ಸಿಗುತ್ತಿದೆ ಎಂಬುದು ವೈದ್ಯರಿಗೂ ರೋಗಿಗಳಿಗೂ ಗೊತ್ತಿದ್ದ ಅಧ್ಯಯನವದು. ಅದಕ್ಕಿಂತ ದೊಡ್ಡ ಪ್ರಶ್ನೆ, ಪ್ಲೇಟ್‌ಲೆಟ್ ಒಂದು ದಿನ ಮೊದಲೇ ಏರಿದರೆ ರೋಗಿಗೆ ಆಗುವ ಲಾಭವೇನು ಎಂಬುದು. ಸೋರಿಕೆಯನ್ನು ತಡೆಯುವ, ಸಾವನ್ನು ತಪ್ಪಿಸುವ ಗುಣ ಎಲೆಯಲ್ಲಿದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಪರಂಗಿ ಎಲೆಯ ಸತ್ವದ ಮಾತ್ರೆಗೂ, ಅದನ್ನು ಚೀಟಿಯಲ್ಲಿ ಬರೆದುಕೊಡುವ ನಮ್ಮವರಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ಲೇಟ್‌ಲೆಟ್‌ನ ಮೇಲೆ ಇಷ್ಟೊಂದು ಭಕ್ತಿ ಬೆಳೆಯಲು ನಾವು ವೈದ್ಯರೂ ಕಾರಣರು. ಮಾತಿನಲ್ಲಿ ಅದನ್ನು "ಬಿಳಿ ರಕ್ತಕಣ" ಎನ್ನುವ ರೂಢಿಯೂ ಗೊಂದಲವನ್ನು ಹೆಚ್ಚಿಸಿದೆ. ಬಿಳಿ ರಕ್ತಕಣ ಬೇರೆ, ಪ್ಲೇಟ್‌ಲೆಟ್ ಬೇರೆ. ಡೆಂಗಿಯಲ್ಲಿ ಎರಡೂ ಇಳಿಯುತ್ತವೆ ಎಂಬುದಷ್ಟೇ ಅವುಗಳಿಗಿರುವ ಸಂಬಂಧ. ಸಹಜವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಪ್ಲೇಟ್‌ಲೆಟ್ 50,000ಕ್ಕೆ ಬಂದಾಕ್ಷಣ ಬಂಧುಗಳು ರಕ್ತದಾನಿಗಳನ್ನು ಹುಡುಕುತ್ತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂದೇಶ ಹಾಕುತ್ತಾರೆ. ರಕ್ತಸ್ರಾವವಿಲ್ಲದ ರೋಗಿಗೆ ಅದು 10,000ಕ್ಕಿಂತ ಕೆಳಗೆ ಇಳಿಯುವ ತನಕ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಚೀಟಿ ಕೈಗೆ ಬಂದಾಗ ಪ್ಲೇಟ್‌ಲೆಟ್‌ನ ಜೊತೆಗೆ ಪಿ.ಸಿ.ವಿ. ನಿನ್ನೆ ಎಷ್ಟಿತ್ತು, ಇಂದು ಎಷ್ಟಿದೆ ಎಂದು ಕೇಳುವ ಬಂಧುಗಳನ್ನು ನನ್ನ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡಿದ್ದೇನೆ.

ಅಮೃತಬಳ್ಳಿ ಮತ್ತು ನೆಲಬೇವಿನ ಕಷಾಯದ ಬಗ್ಗೆಯೂ ಕೇಳುತ್ತಾರೆ. ತಮಿಳುನಾಡಿನಲ್ಲಿ ಡೆಂಗಿ ಹರಡಿದಾಗ ಸರ್ಕಾರವೇ ನೆಲಬೇವಿನ ಕಷಾಯ ಹಂಚಿದ್ದುಂಟು. ಡೆಂಗಿ ಯಕೃತ್ತಿಗೂ ಪೆಟ್ಟು ಕೊಡುವ ರೋಗವಾದ್ದರಿಂದ, ಯಕೃತ್ತಿಗೆ ಹೊರೆಯಾಗಬಹುದಾದ ಯಾವುದನ್ನೂ ಆ ವಾರದಲ್ಲಿ ಅಳತೆಯಿಲ್ಲದೆ ಕುಡಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಸೇವಿಸಿ ಯಕೃತ್ತಿನ ಉರಿಯೂತಕ್ಕೆ ಒಳಗಾದ ಆರು ರೋಗಿಗಳ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಿವಾದವೇನೇ ಇರಲಿ, ಪ್ಯಾರಾಸಿಟಮಾಲ್‌ಗೂ ದಿನದ ಮಿತಿಯಿರುವ ರೋಗದಲ್ಲಿ ಕಷಾಯಕ್ಕೆ ಮಿತಿ ಬೇಡವೆನ್ನುವುದು ಹೇಗೆ? ಇದಕ್ಕಿಂತ ಖಚಿತವಾದ ಕೆಡುಕು ಮಾತ್ರೆಯ ಕಡೆಯಿಂದಲೇ ಬರುತ್ತದೆ ಎಂಬುದನ್ನೂ ಹೇಳಬೇಕು. ಮೈಕೈ ನೋವಿಗೆಂದು ತೆಗೆದುಕೊಳ್ಳುವ ಡೈಕ್ಲೋಫಿನಾಕ್, ಐಬುಪ್ರೊಫೇನ್, ಆಸ್ಪಿರಿನ್ ಡೆಂಗಿಯಲ್ಲಿ ಜಠರದ ರಕ್ತಸ್ರಾವಕ್ಕೆ ದಾರಿಮಾಡುತ್ತವೆ. "ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬಂದೆ, ಜ್ವರ ನಿಂತಿತು" ಎಂದು ಹೇಳಿಕೊಂಡು ಬಂದವರ ಪೃಷ್ಠದಲ್ಲಿ ಅಂಗೈಯಗಲ ಹೆಪ್ಪುಗಟ್ಟಿದ ರಕ್ತವನ್ನು ನಾನು ನೋಡಿದ್ದೇನೆ.

ಮನೆಮದ್ದಿನಿಂದಾಗುವ ವಿಳಂಬ ಕೊಡಗಿನಲ್ಲಿ ಇನ್ನೊಂದು ಕಾರಣಕ್ಕೂ ದುಬಾರಿ. ಡೆಂಗಿ ಹೆಚ್ಚುವ ಜುಲೈ, ಆಗಸ್ಟ್ ತಿಂಗಳುಗಳೇ ಗದ್ದೆಯಲ್ಲಿ ನಾಟಿ ನಡೆಯುವ ಕಾಲ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಇಲಿ ಜ್ವರ ಬರುವ ಕಾಲವೂ ಅದೇ. ಇಲಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಮೈಕೈ ನೋಯುತ್ತದೆ, ಮೂತ್ರದ ಬಣ್ಣ ಬದಲಾಗುತ್ತದೆ. ಡೆಂಗಿಯ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲದಿರಬಹುದು, ಆದರೆ ಇಲಿ ಜ್ವರಕ್ಕೂ, ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೂ ಡಾಕ್ಸಿಸೈಕ್ಲಿನ್‌ನಂಥ ಅಗ್ಗದ ಮಾತ್ರೆಯಿದೆ. ಪ್ಲೇಟ್‌ಲೆಟ್ ಕಡಿಮೆ ಎಂಬ ಒಂದೇ ಕಾರಣಕ್ಕೆ ಡೆಂಗಿಯೆಂದು ತೀರ್ಮಾನಿಸಿ ಎಲೆಯ ರಸ ಕುಡಿಯುತ್ತ ಕುಳಿತವರು ಮೂತ್ರಪಿಂಡ ಕೈಕೊಟ್ಟ ಮೇಲೆ ಬಂದದ್ದನ್ನು ಕಂಡಿದ್ದೇನೆ. ಮೊದಲ ಐದು ದಿನಗಳಲ್ಲಿ ಎನ್‌ಎಸ್‌1, ಆಮೇಲೆ ಐಜಿಎಂ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಡೆಂಗಿ ಹೌದೋ ಅಲ್ಲವೋ ಎಂದು ಬಹುಮಟ್ಟಿಗೆ ತಿಳಿಯುತ್ತದೆ.

"ಹೋದ ಸಲ ಕಷಾಯದಲ್ಲೇ ವಾಸಿಯಾಗಿತ್ತು" ಎಂಬ ವಾದವೂ ಡೆಂಗಿಯಲ್ಲಿ ತಿರುಗಿ ಬೀಳುತ್ತದೆ. ಈ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕು ತಗುಲಿ ಗುಣವಾದವರಿಗೆ ಇನ್ನೊಂದು ಬಗೆಯದು ತಗುಲಿದಾಗ ರೋಗ ತೀವ್ರವಾಗುವ ಸಂಭವ ಹೆಚ್ಚು. ಹೋದ ಸಲ ಬಂದಿತ್ತು ಎನ್ನುವವರನ್ನು ನಾನು ಒಂದು ದಿನ ಮೊದಲೇ ಹತ್ತಿರ ಕರೆಸಿಕೊಳ್ಳುತ್ತೇನೆ.

ಹಾಗೆಂದು ಡೆಂಗಿ ಬಂದವರೆಲ್ಲ ಆಸ್ಪತ್ರೆ ಸೇರಬೇಕಾಗಿಲ್ಲ, ಹೆಚ್ಚಿನವರಿಗೆ ಮನೆಯೇ ಸಾಕು. ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್, ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆ, ಎಳನೀರು, ಓಆರ್‌ಎಸ್; ಬರಿಯ ನೀರನ್ನೇ ಕೊಡ ಕೊಡ ಕುಡಿಸುವುದು ಬೇಡ. ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರವಾಗುತ್ತಿದೆಯೇ ಎಂದು ನೋಡಿಕೊಂಡರೆ ಅರ್ಧ ಚಿಕಿತ್ಸೆ ಆದಂತೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಎಬ್ಬಿಸಿದರೂ ಮಂಪರು ಅಥವಾ ಕಾರಣವಿಲ್ಲದ ಚಡಪಡಿಕೆ, ಇವುಗಳಲ್ಲಿ ಒಂದು ಕಂಡರೂ ಹೊತ್ತು ನೋಡದೆ ಹೊರಡಬೇಕು. ಪರಂಗಿ ರಸದ ಮೇಲೆ ನನಗಿರುವ ಮುಖ್ಯ ಆಕ್ಷೇಪವೂ ಇಲ್ಲಿಯೇ ಇದೆ: ಅದು ವಾಂತಿ ತರಿಸುತ್ತದೆ, ಆ ವಾಂತಿ ರಸದ್ದೋ ರೋಗದ್ದೋ ಎಂದು ಬೇರ್ಪಡಿಸುವುದು ನಮಗೂ ಕಷ್ಟವಾಗುತ್ತದೆ.

ಊರಿನಿಂದ ಊರಿಗೆ ಈ ಲೆಕ್ಕ ಬದಲಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಜಿಲ್ಲೆಗೆ ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು 2019ರಲ್ಲಿ ಇಲ್ಲಿನವರು ಜಾಲತಾಣಗಳಲ್ಲಿ ಅಭಿಯಾನ ನಡೆಸಿದ್ದು ಸುಮ್ಮನೆ ಅಲ್ಲ. ಮಳೆಗೆ ಮರ ಬಿದ್ದು ರಸ್ತೆ ಮುಚ್ಚುವ, ಕರೆಂಟು ಹೋಗಿ ಮೊಬೈಲಿಗೆ ಸಿಗ್ನಲ್ ಸಿಗದ ಒಳತೋಟಗಳಲ್ಲಿ ಇರುವವರಿಗೆ ನಾನು ಹೇಳುವುದು ಇಷ್ಟು: ಜ್ವರದ ನಾಲ್ಕನೆಯ ದಿನದಿಂದ ಏಳನೆಯ ದಿನದವರೆಗೆ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದು ಇರಿ.

ಸೊಳ್ಳೆಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ನಿಗದಿಪಡಿಸಿತು. ಹಗಲು ಕಚ್ಚುವ ಈ ಸೊಳ್ಳೆಗೆ ಲೈನ್ ಮನೆಯ ಹಿಂದಿನ ಡ್ರಮ್ಮು, ಬಿದ್ದ ಅಡಿಕೆ ಹಾಳೆ, ಕಡಿದ ಬಿದಿರಿನ ಬುಡ, ರಬ್ಬರ್ ಮರಕ್ಕೆ ಕಟ್ಟಿದ ಚಿಪ್ಪು, ಕಣದಲ್ಲಿ ಮಡಿಚಿಟ್ಟ ಟಾರ್ಪಾಲಿನ ಸುಕ್ಕು, ಎಲ್ಲವೂ ಮನೆಯೇ.

ಹಿಂದೆಲ್ಲ ರಸ ಕುಡಿದು ಬಂದವರನ್ನು ನಾನು ಗದರಿಸುತ್ತಿದ್ದೆ. ಅದರಿಂದ ಆದದ್ದೆಂದರೆ, ಅವರು ಕುಡಿದದ್ದನ್ನು ಮುಚ್ಚಿಡಲು ಕಲಿತರು. ಈಗ ಯಾವ ಸೊಪ್ಪು, ಎಷ್ಟು, ಯಾವಾಗಿನಿಂದ ಎಂದು ಔಷಧಿಯ ವಿವರದ ಜೊತೆಗೇ ಬರೆದುಕೊಳ್ಳುತ್ತೇನೆ. ಆ ಹುಡುಗನ ತಾಯಿ ಮರುವರ್ಷ ಮಗಳನ್ನು ಕರೆತಂದಿದ್ದರು. ಜ್ವರ ಬಂದು ಮೂರನೆಯ ದಿನ. ದಿನಸಿ ಅಂಗಡಿಯ ಕ್ಯಾಲೆಂಡರಿನ ಹಾಳೆಯನ್ನು ಹರಿದು ತಂದಿದ್ದರು, ಜ್ವರ ಕಾಣಿಸಿದ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿತ್ತು. ರಸ ಕೊಡಬಹುದೇ ಎಂದು ಕೇಳಿದರು. ವಾಂತಿಯಾದರೆ ಅಲ್ಲಿಗೇ ನಿಲ್ಲಿಸಬೇಕು, ರಸ ಕೊಟ್ಟೆನೆಂದು ಪರೀಕ್ಷೆ ತಪ್ಪಿಸಬಾರದು ಎಂದೆ. ಹುಡುಗಿಯ ಪಿ.ಸಿ.ವಿ. 38 ಇತ್ತು. ಅದನ್ನು ಆ ಹಾಳೆಯಲ್ಲೇ ತಾರೀಕಿನ ಪಕ್ಕ ಬರೆದುಕೊಟ್ಟು, ಮರುದಿನ ಬೆಳಿಗ್ಗೆ ಹತ್ತಕ್ಕೆ ಬರಲು ಹೇಳಿದೆ.